ಹರಾಜಿನಲ್ಲಿ ಹಳೇ ಮಸಲ್ ಕಾರು ಕೊಳ್ಳುವುದು ಹೇಗೆ: ಮೊದಲು ನಂಬರ್ ನೋಡಿ, ಆಮೇಲೆ ಬಣ್ಣ

ಹರಾಜಿನಲ್ಲಿ ಹಳೇ ಕಾರು ಕೊಂಡು ಕೈ ಸುಟ್ಟುಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಎಲ್ಲರದ್ದೂ ಹೆಚ್ಚೂಕಮ್ಮಿ ಒಂದೇ ಕಥೆ. ಬಣ್ಣ ಹೊಳೆಯುತ್ತಿತ್ತು, ಇಂಜಿನ್ ಸದ್ದು ಎದೆಗೆ ಬಡಿಯಿತು, ಪಕ್ಕದವನು ಕೈ ಎತ್ತಿದ, ಇವರೂ ಎತ್ತಿದರು. ಮನೆಗೆ ಬಂದ ಮೇಲೆ ಗೊತ್ತಾಯಿತು, ಅದು ಅಸಲಿ ಅಲ್ಲ, ಮಾಮೂಲಿ ಕಾರಿಗೆ ಬ್ಯಾಡ್ಜ್ ಅಂಟಿಸಿ ಪಟ್ಟೆ ಬಳಿದದ್ದು. ಅಮೆರಿಕದಲ್ಲಿರುವ ನಮ್ಮ ಕನ್ನಡದವರಲ್ಲೂ ಈ ಕಾರುಗಳ ಆಸೆ ಇಟ್ಟುಕೊಂಡವರಿದ್ದಾರೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮಸಲ್ ಕಾರು ಅಂದರೆ ಮಧ್ಯಮ ಅಥವಾ ಸಣ್ಣ ಗಾತ್ರದ ಅಮೆರಿಕನ್ ಬಾಡಿಗೆ ದೊಡ್ಡ ವಿ8 (ಎಂಟು ಸಿಲಿಂಡರ್) ಇಂಜಿನ್ ಕೂರಿಸಿದ್ದು. 1964ರ ಪಾಂಟಿಯಾಕ್ ಜಿಟಿಓದಿಂದ ಶುರುವಾಯಿತು ಅಂತ ಹೆಚ್ಚಿನವರು ಲೆಕ್ಕ ಹಾಕುತ್ತಾರೆ. 1970ರ ದಶಕದ ಮೊದಲ ವರ್ಷಗಳಲ್ಲಿ ಆ ಕಾಲ ಮುಗಿಯಿತು. ಇವುಗಳ ದೊಡ್ಡ ಹರಾಜು ಜನವರಿಯಲ್ಲಿ: ಫ್ಲೋರಿಡಾದ ಕಿಸಿಮ್ಮಿಯಲ್ಲಿ ಮೀಕಮ್‌ನವರದ್ದು, ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್‌ನವರದ್ದು. ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೀಕಮ್‌ನದೇ ಇನ್ನೊಂದು.

1. ಒಂದೇ ಮಾಡೆಲ್, ಒಂದೇ ವರ್ಷ

"ಯಾವುದಾದ್ರೂ ಒಳ್ಳೇ ಮಸಲ್ ಕಾರು" ಅಂತ ಹುಡುಕಿಕೊಂಡು ಹೋಗಬೇಡಿ. ಒಂದು ಮಾಡೆಲ್ ಆರಿಸಿ, ಅದರಲ್ಲೂ ಒಂದು ವರ್ಷ ಆರಿಸಿ, ಅದರ ಬಗ್ಗೆ ಮಾತ್ರ ಓದಿ. ಇಲ್ಲಿ ನಾನು 1969ರ ಶೆವ್ರೋಲೆ ಕ್ಯಾಮರೋ ಝಡ್/28 (ಕ್ಯಾಮರೋದಲ್ಲೇ ರೇಸಿನ ಇಂಜಿನ್ ಇರುವ ವಿಶೇಷ ಮಾದರಿ) ಇಟ್ಟುಕೊಂಡೇ ಹೇಳುತ್ತೇನೆ. ನನಗೆ ತುಂಬಾ ಇಷ್ಟದ ಕಾರು, ಜೊತೆಗೆ ನಕಲಿ ಜಾಸ್ತಿ ಓಡಾಡುವುದೂ ಅದರದ್ದೇ.

ನಕಲಿ ಮಾಡುವುದು ಸುಲಭ ಯಾಕೆ ಅಂದರೆ, ಆ ವರ್ಷ ಸುಮಾರು 2,43,000 ಕ್ಯಾಮರೋ ತಯಾರಾದವು, ಅದರಲ್ಲಿ ಝಡ್/28 ಬರೀ 20,302. ಬಾಡಿ ಎರಡಕ್ಕೂ ಒಂದೇ. ಬ್ಯಾಡ್ಜು, ಪಟ್ಟೆ, ಸ್ಪಾಯ್ಲರ್, ಚಕ್ರ ಎಲ್ಲಾ ಇವತ್ತು ಹೊಸದಾಗಿ ಮಾರಾಟಕ್ಕೆ ಸಿಗುತ್ತವೆ. ಅಸಲಿಗೂ ನಕಲಿಗೂ ಬೆಲೆಯಲ್ಲಿ ಹತ್ತಾರು ಸಾವಿರ ಡಾಲರ್ ವ್ಯತ್ಯಾಸ. ಹಾಗಿದ್ದ ಮೇಲೆ ಮಾಡದೇ ಬಿಡುತ್ತಾರಾ?

2. ಕ್ಯಾಟಲಾಗ್ ಓದುವಾಗ

ಕ್ಯಾಟಲಾಗ್‌ನಲ್ಲಿ ಬರೆದಿರುವುದಕ್ಕಿಂತ ಬರೆಯದೇ ಬಿಟ್ಟಿರುವುದನ್ನು ನೋಡಿ. 'ಟ್ರಿಬ್ಯೂಟ್' ಅಂದರೆ ನಕಲು ಅಂತ ಅವರೇ ಒಪ್ಪಿಕೊಂಡ ಹಾಗೆ, ಅದರಲ್ಲಿ ಮೋಸ ಇಲ್ಲ. 'ಡೇಟ್ ಕೋಡ್ ಕರೆಕ್ಟ್ ಇಂಜಿನ್' ಅಂದರೆ ಅದೇ ಕಾಲದ ಇಂಜಿನ್, ಆದರೆ ಆ ಕಾರಿನದ್ದಲ್ಲ. 'ಬಿಲೀವ್ಡ್ ಟು ಬಿ' ಅಂತ ಶುರುವಾಗುವ ವಾಕ್ಯಕ್ಕೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ. ಅಸಲಿ ಇಂಜಿನ್ ಇದ್ದಿದ್ದರೆ ಮಾರುವವನು ಅದನ್ನೇ ಮೊದಲ ಸಾಲಿನಲ್ಲಿ ಬರೆದಿರುತ್ತಿದ್ದ.

ಕಾರು ಇಷ್ಟವಾದರೆ ಹರಾಜಿಗೆ ವಾರ ಮುಂಚೆಯೇ ಹರಾಜು ಕಂಪನಿಯ ಮೂಲಕ ಮಾಲೀಕನಿಗೆ ಹೇಳಿ ಕಳಿಸಿ: ಇಂಜಿನ್ ಪ್ಯಾಡ್ (ಇಂಜಿನ್ ಮೇಲೆ ನಂಬರ್ ಹೊಡೆದಿರುವ ಜಾಗ), ಕೌಲ್ ಟ್ಯಾಗ್ (ಬಾಡಿಯ ವಿವರ ಇರುವ ಸಣ್ಣ ತಗಡು), ಚಾಸಿ ನಂಬರ್, ಇರುವ ಕಾಗದಪತ್ರ, ಎಲ್ಲದರ ಸ್ಪಷ್ಟ ಫೋಟೋ ಬೇಕು ಅಂತ. ಕೊಡದಿದ್ದರೆ ಮುಂದಿನ ಕಾರು ನೋಡಿ.

ಹೊಸ ಕಾರುಗಳಿಗೆ ತೆಗೆಸುವ ಹಿಸ್ಟರಿ ರಿಪೋರ್ಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ರಿಪೋರ್ಟ್‌ಗಳು ನಡೆಯುವುದು 17 ಅಕ್ಷರದ ವಿನ್, ಅಂದರೆ ಚಾಸಿ ನಂಬರಿನ ಮೇಲೆ, ಅದು ಬಂದದ್ದು 1981ರ ಮಾಡೆಲ್‌ಗಳಿಂದ. 1969ರ ಕ್ಯಾಮರೋದ ವಿನ್‌ನಲ್ಲಿ 13 ಅಕ್ಷರ. ಸುಮ್ನೆ ದುಡ್ಡು ದಂಡ.

3. ನಂಬರ್ ಓದುವುದು (ಇಲ್ಲೇ ಎಲ್ಲರೂ ಎಡವುವುದು)

ಹರಾಜಿಗೆ ಒಂದೆರಡು ದಿನ ಮೊದಲೇ ಹೋಗಿ. ಕಾರುಗಳು ಟೆಂಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಟಾರ್ಚ್, ಉದ್ದ ಹಿಡಿಯ ಸಣ್ಣ ಕನ್ನಡಿ, ಒಂದು ಬಟ್ಟೆ, ನೋಟ್‌ಬುಕ್ ಇಷ್ಟು ಸಾಕು. ಫೋನಿಗೆ ಸಿಕ್ಕಿಸುವ ಅಗ್ಗದ ಎಂಡೋಸ್ಕೋಪ್ ತರಬೇಡಿ, ಅದರ ಮಸುಕು ಚಿತ್ರದಲ್ಲಿ ಮೂರು ಯಾವುದು ಎಂಟು ಯಾವುದು ತಿಳಿಯುವುದಿಲ್ಲ. ಬಾನೆಟ್ ಎತ್ತುವ ಮೊದಲು ಕಾರಿನವರನ್ನು ಕೇಳಿ.

ಮೊದಲು ವಿನ್. ಮುಂದಿನ ಗಾಜಿನ ಮೂಲಕ ಡ್ಯಾಶ್‌ಬೋರ್ಡ್ ಮೇಲೆ ಕಾಣುತ್ತದೆ. 124379ಎನ್ ಅಂತ ಶುರುವಾದರೆ: 1 ಶೆವ್ರೋಲೆ, 24 ವಿ8 ಕ್ಯಾಮರೋ, 37 ಕೂಪೆ, 9 ಅಂದರೆ 1969, ಎನ್ ಅಂದರೆ ಒಹಾಯೊದ ನಾರ್ವುಡ್ ಫ್ಯಾಕ್ಟರಿ. ಆಮೇಲಿನ ಆರು ಅಂಕಿ ಕಾರಿನ ಕ್ರಮಸಂಖ್ಯೆ. 24ರ ಜಾಗದಲ್ಲಿ 23 ಇದ್ದರೆ ಅದು ಆರು ಸಿಲಿಂಡರ್ ಕಾರಾಗಿ ಹುಟ್ಟಿದ್ದು, ಝಡ್/28 ಆಗಲು ಸಾಧ್ಯವೇ ಇಲ್ಲ, ಅಲ್ಲಿಗೇ ಬಿಡಿ. ಆದರೆ 24 ಇದ್ದ ಮಾತ್ರಕ್ಕೆ ಝಡ್/28 ಅಂತಲೂ ಅಲ್ಲ. ವಿನ್ ಅದನ್ನು ಹೇಳುವುದೇ ಇಲ್ಲ, ಮೋಸಕ್ಕೆ ದಾರಿಯಾಗಿರುವುದೂ ಇದೇ.

ಮುಂದೆ ಕೌಲ್ ಟ್ಯಾಗ್. ಇಂಜಿನ್ ಹಿಂದಿನ ಗೋಡೆಯ ಮೇಲೆ ಡ್ರೈವರ್ ಕಡೆ ಇರುವ ಸಣ್ಣ ತಗಡು. ಅದರಲ್ಲಿ '03ಡಿ' ಅಂತಿದ್ದರೆ ಮಾರ್ಚ್ ತಿಂಗಳ ನಾಲ್ಕನೇ ವಾರದಲ್ಲಿ ಬಾಡಿ ಕಟ್ಟಿದ್ದು. ಬಣ್ಣದ ಕೋಡೂ ಅಲ್ಲೇ: 72 ಅಂದರೆ ಹಗ್ಗರ್ ಆರೆಂಜ್, 57 ಅಂದರೆ ಫ್ಯಾದಮ್ ಗ್ರೀನ್. ಟ್ಯಾಗ್‌ನಲ್ಲಿ 57 ಇದ್ದು ಎದುರಿಗಿನ ಕಾರು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಬೆಲೆ ಕಮ್ಮಿಯಾಗಬೇಕು. ನಾರ್ವುಡ್‌ನಲ್ಲಿ ಆ ವರ್ಷದ ಹೆಚ್ಚಿನ ಕಾರುಗಳ ಟ್ಯಾಗ್ ಮೇಲೆ ಎಕ್ಸ್ ಕೋಡ್ ಹಾಕುತ್ತಿದ್ದರು. ಎಕ್ಸ್33 ಅಥವಾ ಎಕ್ಸ್77 ಇದ್ದರೆ ಝಡ್/28. ಲಾಸ್ ಏಂಜಲಿಸ್ ಫ್ಯಾಕ್ಟರಿಯ ಕಾರಿಗೆ ಈ ಕೋಡ್ ಇಲ್ಲ, ಅಲ್ಲಿ ಬೇರೆ ಸಾಕ್ಷಿ ಬೇಕು. ನಕಲಿ ಟ್ಯಾಗ್‌ಗಳೂ ಓಡಾಡುತ್ತವೆ, ಹಾಗಾಗಿ ಟ್ಯಾಗ್ ಒಂದನ್ನೇ ನಂಬಬೇಡಿ.

ಈಗ ಇಂಜಿನ್. ಮುಂದಿನಿಂದ ನೋಡಿದರೆ ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್ ಕೆಳಗೆ, ಆಲ್ಟರ್ನೇಟರ್ ಹಿಂದೆ, ಎರಡು ಬೆರಳಗಲದ ಸಪಾಟು ಜಾಗ ಇದೆ. ಅದೇ ಪ್ಯಾಡ್. ಗ್ರೀಸ್ ಇದ್ದರೆ ಕೇಳಿ, ಬಟ್ಟೆಯಿಂದ ಮೆಲ್ಲಗೆ ಒರೆಸಿ. ಅಲ್ಲಿ 'ವಿ0314ಡಿಝಡ್' ಅಂತ ಕಂಡರೆ: ವಿ ಅಂದರೆ ಫ್ಲಿಂಟ್ ಇಂಜಿನ್ ಫ್ಯಾಕ್ಟರಿ, ಮಾರ್ಚ್ 14ಕ್ಕೆ ಜೋಡಿಸಿದ್ದು, ಡಿಝಡ್ ಅಂದರೆ ಝಡ್/28ರ 302 ಕ್ಯೂಬಿಕ್ ಇಂಚಿನ ಇಂಜಿನ್. ಪಕ್ಕದಲ್ಲಿ 19ಎನ್ ಮತ್ತು ಆರು ಅಂಕಿ. ಆ ಆರು ಅಂಕಿ ಡ್ಯಾಶ್ ಮೇಲಿನ ಕೊನೆಯ ಆರು ಅಂಕಿಗೆ ಹೊಂದಬೇಕು. ಕೆಲವು ಇಂಜಿನ್‌ಗಳಲ್ಲಿ ಇದು ಆಯಿಲ್ ಫಿಲ್ಟರ್ ಹತ್ತಿರ ಇರುತ್ತದೆ, ಅಲ್ಲೂ ನೋಡಿ.

ಹೊಂದಿತು ಅಂತ ಖುಷಿಪಟ್ಟು ಎದ್ದು ಬಿಡುವವರೇ ಜಾಸ್ತಿ. ಆದರೆ ಹಳೇ ನಂಬರ್ ಉಜ್ಜಿ ಹೊಸದು ಹೊಡೆಯುವವರಿದ್ದಾರೆ. ಅದಕ್ಕೆ ಪ್ಯಾಡ್‌ನ ಮೇಲ್ಮೈ ನೋಡಬೇಕು. ಫ್ಯಾಕ್ಟರಿಯಲ್ಲಿ ಬ್ಲಾಕನ್ನು ಸಮ ಮಾಡುವಾಗ ಮೆಷಿನ್ ಕೂದಲೆಳೆಯಂಥ ನೇರ ಗೀರುಗಳನ್ನು ಬಿಟ್ಟಿರುತ್ತದೆ, ಇಂಜಿನ್ನಿನ ಮುಂದಿನಿಂದ ಹಿಂದಕ್ಕೆ, ಒಂದರ ಪಕ್ಕ ಒಂದು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೇರ ಬೆಳಕಲ್ಲಿ ಕಾಣುವುದಿಲ್ಲ. ಗೀರುಗಳೇ ಇಲ್ಲದೆ ನುಣ್ಣಗಿದ್ದರೆ, ಅಥವಾ ಸುತ್ತುಸುತ್ತಾಗಿ ಉಜ್ಜಿದ ಗುರುತಿದ್ದರೆ ಅನುಮಾನ ಪಡಿ. ಇನ್ನೊಂದು: ಇಂಜಿನ್ ಕೋಡ್ ಹೊಡೆದದ್ದು ಇಂಜಿನ್ ಫ್ಯಾಕ್ಟರಿಯಲ್ಲಿ, ಕಾರಿನ ಸಂಖ್ಯೆ ಹೊಡೆದದ್ದು ಕಾರು ಫ್ಯಾಕ್ಟರಿಯಲ್ಲಿ. ಬೇರೆ ಊರು, ಬೇರೆ ಅಚ್ಚು, ಬೇರೆ ಕೈ. ಎರಡೂ ಒಂದೇ ಅಚ್ಚಿನಲ್ಲಿ, ಒಂದೇ ಆಳದಲ್ಲಿ, ಸಾಲು ತಪ್ಪದೆ ಅಂದವಾಗಿ ಕೂತಿದ್ದರೆ ಒಬ್ಬನೇ ಕೂತು ಹೊಡೆದಿರಬಹುದು.

ಕೊನೆಯದಾಗಿ ಬ್ಲಾಕ್ ಎರಕ ಹೊಯ್ದ ತಾರೀಖು. ಇಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಅಂಚಿನ ಹತ್ತಿರ ಉಬ್ಬಿದ ಅಕ್ಷರದಲ್ಲಿ ಇರುತ್ತದೆ. ಕನ್ನಡಿ ಬೇಕಾಗುವುದು ಇದಕ್ಕೇ. 'ಸಿ 10 9' ಅಂದರೆ 1969ರ ಮಾರ್ಚ್ 10: ಎ ಜನವರಿ, ಬಿ ಫೆಬ್ರುವರಿ, ಸಿ ಮಾರ್ಚ್. ಮೂರು ತಾರೀಖೂ ಒಂದರ ಹಿಂದೆ ಒಂದು ಬರಬೇಕು. ಮೊದಲು ಎರಕ, ಆಮೇಲೆ ಜೋಡಣೆ, ಆಮೇಲೆ ಕಾರು. ಏಪ್ರಿಲ್‌ನಲ್ಲಿ ಎರಕ ಹೊಯ್ದ ಬ್ಲಾಕ್ ಮಾರ್ಚ್‌ನಲ್ಲಿ ಕಟ್ಟಿದ ಕಾರಿನೊಳಗೆ ಹೇಗೆ ಬಂತು? ಪ್ಯಾಡ್ ಮೇಲೆ ಸುಳ್ಳು ಬರೆದವರು ಈ ಉಬ್ಬಕ್ಷರವನ್ನು ಮುಟ್ಟದೇ ಬಿಟ್ಟಿರುವುದುಂಟು.

ಗೇರ್ ಕಡೆಗೂ ಒಂದು ಕಣ್ಣು ಹಾಯಿಸಿ. ಝಡ್/28 ಬಂದದ್ದು ನಾಲ್ಕು ಗೇರಿನ ಮ್ಯಾನ್ಯುಯಲ್‌ನಲ್ಲಿ ಮಾತ್ರ, ಏಸಿ ಇಲ್ಲದೆ. "ಫ್ಯಾಕ್ಟರಿ ಏಸಿ ಇರುವ ಅಪರೂಪದ ಝಡ್/28" ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಬನ್ನಿ.

ಕಾಗದಗಳಲ್ಲಿ ನಾನು ಬೆಲೆ ಕೊಡುವುದು ಫ್ಯಾಕ್ಟರಿಯ ಬಿಲ್ಡ್ ಶೀಟ್, ಮೊದಲ ಡೀಲರ್ ಬಿಲ್, ಮತ್ತೆ ವಾರಂಟಿಗೆ ಕೊಡುತ್ತಿದ್ದ ಪ್ರೊಟೆಕ್ಟ್-ಓ-ಪ್ಲೇಟ್ ಅನ್ನುವ ತಗಡಿನ ಕಾರ್ಡ್‌ಗೆ. ಗಾಜಿಗೆ ಅಂಟಿಸಿ ತೋರಿಸುವ ಹೊಸ ಮುದ್ರಣದ ವಿಂಡೋ ಸ್ಟಿಕರ್ ಬರೀ ಅಲಂಕಾರ.

ಬೇರೆ ಕಾರು ಆರಿಸಿದವರಿಗೆ ಕೆಲಸ ಸ್ವಲ್ಪ ಸುಲಭ. 1966ರಿಂದ 1971ರವರೆಗಿನ ಜಿಟಿಓ ಆದರೆ ವಿನ್ 242ರಿಂದ ಶುರು, ಜೊತೆಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನಿಂದ ಫ್ಯಾಕ್ಟರಿ ದಾಖಲೆಯ ಪ್ರತಿ ಸಿಗುತ್ತದೆ. 1967ರಿಂದ ಈಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ (ಫೋರ್ಡ್ ಫ್ಯಾಕ್ಟರಿ ದಾಖಲೆಯಿಂದ ತೆಗೆದ ವಿವರ) ತರಿಸಿ. ಪ್ಲಿಮತ್, ಡಾಜ್‌ಗಳಲ್ಲಿ ವಿನ್‌ನ ಐದನೇ ಅಕ್ಷರವೇ ಇಂಜಿನ್ ಹೇಳುತ್ತದೆ, 1970ರ ಪ್ಲಿಮತ್ ಕುಡಾದಲ್ಲಿ ಅದು ಆರ್ ಇದ್ದರೆ 426 ಕ್ಯೂಬಿಕ್ ಇಂಚಿನ ಹೆಮಿ ಇಂಜಿನ್. ಶೆವ್ರೋಲೆಗೆ, ಕೆನಡಾದಲ್ಲಿ ಮಾರಾಟವಾದ ಕಾರು ಬಿಟ್ಟರೆ, ಹೀಗೆ ಕೇಳಿ ತರಿಸುವ ದಾಖಲೆ ಇಲ್ಲ. ಅದಕ್ಕೇ ಇಷ್ಟು ಹೊತ್ತು ಬಗ್ಗಿ ನೋಡಬೇಕಾಗಿರುವುದು.

ನೀವೇ ಓದಲಾರಿರಿ ಅನ್ನಿಸಿದರೆ ಆ ಮಾಡೆಲ್ ಬಲ್ಲ ಒಬ್ಬರನ್ನು ದುಡ್ಡು ಕೊಟ್ಟು ಕರೆದುಕೊಂಡು ಹೋಗಿ. ಇದರಲ್ಲಿ ಚೌಕಾಸಿ ಬೇಡ. ಇನ್ನೊಂದು ಮಾತು: ಇಂಜಿನ್ ಬದಲಾದದ್ದನ್ನು ನೇರವಾಗಿ ಹೇಳಿ, ಕಾಗದ ಸರಿಯಾಗಿ ಇಟ್ಟುಕೊಂಡ ಝಡ್/28, ನಂಬರ್ ತಿದ್ದಿದ ಕಾರಿಗಿಂತ ಎಷ್ಟೋ ಮೇಲು. ರೇಸಿಗೆ ಅಂತಲೇ ಹುಟ್ಟಿದ ಇಂಜಿನ್ ಅದು. ಎಷ್ಟೋ ಇಂಜಿನ್‌ಗಳು ಒಡೆದು ಹೋಗಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

4. ತುಕ್ಕು ಮತ್ತು ಪುಟ್ಟಿ

ಮೇಲೆ ಥಳಕು, ಒಳಗೆ ಹುಳುಕು ಅನ್ನುವುದು ಹಳೇ ಕಾರಿಗೆ ಅಕ್ಷರಶಃ ನಿಜ. ಹಿಂದಿನ ಚಕ್ರದ ಮೇಲಿನ ಪ್ಯಾನೆಲ್, ಡಿಕ್ಕಿಯ ತಳ, ಹಿಂದಿನ ಗಾಜಿನ ಸುತ್ತ, ಬಾಗಿಲ ಕೆಳ ಅಂಚು ನೋಡಿ. ಡಿಕ್ಕಿಯಲ್ಲಿ ಕಾರ್ಪೆಟ್ ಇದ್ದರೆ ಎತ್ತಿ. ಪೇಂಟ್ ದಪ್ಪ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು: ಫ್ಯಾಕ್ಟರಿ ಬಣ್ಣ 4ರಿಂದ 6 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು) ಆಸುಪಾಸು ತೋರಿಸುತ್ತದೆ, ಮತ್ತೆ ಬಣ್ಣ ಹೊಡೆದಿದ್ದರೆ ಅದಕ್ಕಿಂತ ಜಾಸ್ತಿ, 30, 40 ದಾಟಿದರೆ ಕೆಳಗೆ ಪುಟ್ಟಿ ಮೆತ್ತಿದ್ದಾರೆ. ಅಯಸ್ಕಾಂತ ತರುವುದಾದರೆ ಫ್ರಿಜ್‌ಗೆ ಅಂಟಿಸುವ ಮೆತ್ತನೆಯದು ತನ್ನಿ, ಬೇರೆಯವರ ಬಣ್ಣಕ್ಕೆ ಗೀರು ಬೀಳಬಾರದು.

ಟೈರ್ ಮೇಲಿನ ನಾಲ್ಕಂಕಿ ತಾರೀಖನ್ನೂ ಓದಿ. 2312 ಅಂದರೆ 2012ರ 23ನೇ ವಾರ. ಟೈರಿನ ಕಚ್ಚು ಎಷ್ಟೇ ಆಳವಿದ್ದರೂ ಅದನ್ನು ಬದಲಿಸಲೇಬೇಕು.

5. ದುಡ್ಡಿನ ಲೆಕ್ಕ

ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆ ಅಲ್ಲ. ಅದರ ಮೇಲೆ ಬೈಯರ್ಸ್ ಪ್ರೀಮಿಯಂ, ಅಂದರೆ ಕೊಳ್ಳುವವರು ಹರಾಜು ಕಂಪನಿಗೆ ಕೊಡುವ ಕಮಿಷನ್ ಇದೆ, ಸಾಮಾನ್ಯವಾಗಿ 10%. ಕೈಯಲ್ಲಿ 75,000 ಡಾಲರ್ ಇದೆ ಅಂದುಕೊಳ್ಳಿ. 62,000ಕ್ಕೆ ಬಿಡ್ ನಿಂತರೆ ಪ್ರೀಮಿಯಂ 6,200, ಒಟ್ಟು 68,200. ನಿಮ್ಮ ರಾಜ್ಯದ ತೆರಿಗೆ 7% ಅಂತ ಹಿಡಿದರೆ 4,774. ಅಲ್ಲಿಗೆ 72,974. ಉಳಿದ ಎರಡು ಸಾವಿರದಲ್ಲಿ ಸಾಗಣೆ. ಅಂದರೆ 75,000 ಇರುವವರ ಮಿತಿ 62,000. ಇದನ್ನು ಮನೆಯಲ್ಲೇ ಲೆಕ್ಕ ಹಾಕಿ, ಬಿಡ್ಡರ್ ಕಾರ್ಡಿನ ಹಿಂದೆ ಬರೆದಿಡಿ.

ಹೆಸರು ನೋಂದಾಯಿಸಲು ಗುರುತಿನ ಚೀಟಿ, ಶುಲ್ಕ, ಬ್ಯಾಂಕ್ ಪತ್ರ ಬೇಕು. ವಾರ ಮೊದಲೇ ಮುಗಿಸಿ.

6. ಬಿಡ್ ಕೂಗುವುದು

ಒಂದು ಕಾರಿಗೆ ಸಿಗುವುದು ಕೆಲವೇ ನಿಮಿಷ. ಕಾರು ವೇದಿಕೆಗೆ ಬರುವ ಮೊದಲು ಸಾಲಿನಲ್ಲಿ ನಿಂತಿರುತ್ತದಲ್ಲ, ಅಲ್ಲಿಗೆ ಹೋಗಿ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡುವಾಗ ಸೈಲೆನ್ಸರ್ ಹಿಂದೆ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಓಡಿಸಿ ನೋಡಲು ಹರಾಜಿನಲ್ಲಿ ಬಿಡುವುದಿಲ್ಲ, ಇರುವ ಹಾಗೆಯೇ ಕೊಳ್ಳಬೇಕು.

ರಿಸರ್ವ್ ಅಂದರೆ ಮಾರುವವನ ಕನಿಷ್ಠ ಬೆಲೆ. ಅದು ಮುಟ್ಟುವವರೆಗೆ ಹರಾಜು ಕೂಗುವವರು ಮಾಲೀಕನ ಪರವಾಗಿ ಬಿಡ್ ಏರಿಸಬಹುದು, ಹೆಚ್ಚಿನ ಕಡೆ ನಿಯಮದಲ್ಲೇ ಹಾಗೆ ಬರೆದಿರುತ್ತದೆ. ಹಾಗಾಗಿ ಶುರುವಿನಲ್ಲಿ ಸುಮ್ಮನಿರಿ. "ರಿಸರ್ವ್ ಈಸ್ ಆಫ್" ಅಂತ ಕೂಗಿದ ಮೇಲೆ ನಿಜವಾದ ಮಾರಾಟ. ನಿಮ್ಮ ಮುಂದೆ ಬಂದು ನಿಲ್ಲುವ ರಿಂಗ್‌ಮ್ಯಾನ್ ಹುರುಪು ತುಂಬುತ್ತಾನೆ, ಕಿವಿಯ ಹತ್ತಿರವೇ ಕಿರುಚುತ್ತಾನೆ, ಬಿಡ್ ಏರಿಸುವುದು ಅವನ ಕೆಲಸ. ಬಿಡ್ ಯಾರ ಹತ್ತಿರ ಇದೆ ಅಂತ ಅವನನ್ನೇ ಕೇಳಿ, ಹೇಳುತ್ತಾನೆ. ನಿಮ್ಮ ಬಿಡ್ ಮೇಲೆ ನೀವೇ ಏರಿಸುವುದು ತಪ್ಪುತ್ತದೆ. ಮಿತಿ ಬಂತಾ, ತಲೆ ಅಡ್ಡ ಆಡಿಸಿ, ಕೂತುಬಿಡಿ. ಮುಗಿಯುವವರೆಗೆ ಬಿಯರ್ ಮುಟ್ಟಬೇಡಿ.

ಶನಿವಾರ ಸಂಜೆ ಜನ ಜಾಸ್ತಿ, ಬೆಲೆ ಜಾಸ್ತಿ. ವಾರದ ಮಧ್ಯದ ಬೆಳಗಿನ ಕಾರುಗಳೇ ನನಗೆ ಇಷ್ಟ. ರಿಸರ್ವ್ ಮುಟ್ಟದೆ ಮಾರಾಟವಾಗದ ಕಾರಿನ ಮಾಲೀಕನಿಗೆ ಆಮೇಲೆ ಹರಾಜು ಕಂಪನಿ ಮೂಲಕವೇ ಬೆಲೆ ಹೇಳಿ ನೋಡಬಹುದು, ಗದ್ದಲ ಇಲ್ಲದೆ ವ್ಯವಹಾರ ಆಗುತ್ತದೆ.

7. ಗೆದ್ದ ಮೇಲೆ

ಸುತ್ತಿಗೆ ಬಿದ್ದ ಕ್ಷಣದಿಂದ ಕಾರಿನ ಹೊಣೆ ನಿಮ್ಮದು, ಆದ್ದರಿಂದ ಇನ್ಶೂರೆನ್ಸ್ ಮೊದಲೇ ಮಾತಾಡಿಟ್ಟಿರಿ. 'ಅಗ್ರೀಡ್ ವ್ಯಾಲ್ಯೂ' (ಕಾರಿನ ಬೆಲೆ ಮೊದಲೇ ಒಪ್ಪಿಕೊಂಡ) ಪಾಲಿಸಿಯೇ ಬೇಕು, ಮಾಮೂಲಿ ಪಾಲಿಸಿ ಈ ಕಾರನ್ನು ಹಳೇ ಕಾರು ಅಂತಲೇ ಲೆಕ್ಕ ಹಾಕುತ್ತದೆ. ಟೈಟಲ್, ಅಂದರೆ ನಮ್ಮ ಕಡೆ ಆರ್‌ಸಿ ಇದ್ದ ಹಾಗೆ, ಅದರಲ್ಲಿರುವ 13 ಅಕ್ಷರವನ್ನು ಕಾರಿನ ನಂಬರ್ ಜೊತೆ ಒಂದೊಂದಾಗಿ ಹೋಲಿಸಿ. ಒಂದು ತಪ್ಪಿದ್ದರೂ ಅಲ್ಲೇ ಕಚೇರಿಯಲ್ಲಿ ಹೇಳಿ.

ಮನೆಗೆ ಓಡಿಸಿಕೊಂಡು ಹೋಗಬೇಡಿ, ಟ್ರೇಲರ್‌ನಲ್ಲಿ ಕಳಿಸಿ. ಮನೆಗೆ ಬಂದ ಕೂಡಲೇ ಬ್ರೇಕ್ ಆಯಿಲ್ ಬದಲಿಸಿ, ಪೆಟ್ರೋಲ್ ಪೈಪ್‌ಗಳನ್ನೆಲ್ಲ ತೆಗೆದು ಎಥನಾಲ್ ತಾಳುವ ಹೊಸ ಪೈಪ್ ಹಾಕಿಸಿ. ಹಳೇ ರಬ್ಬರ್ ಇವತ್ತಿನ ಪೆಟ್ರೋಲಿಗೆ ಬಿರುಕು ಬಿಟ್ಟು ಬಿಸಿ ಇಂಜಿನ್ ಮೇಲೆ ಸೋರುತ್ತದೆ, ಷೋರೂಮಿನಂತೆ ಹೊಳೆಯುವ ಕಾರಿನಲ್ಲೂ.