ಕರೆಂಟ್ ಹೋಗುವುದರೊಳಗೆ ಒಂದಾಟ

ಹೋದ ಗೌರಿ ಹಬ್ಬಕ್ಕೆ ಬೆಂಗಳೂರಿನಿಂದ ಮೂಡಿಗೆರೆ ಪಕ್ಕದ ನಮ್ಮ ಮನೆಗೆ ಬಂದ ಅಕ್ಕನ ಮಕ್ಕಳಿಬ್ಬರು ಎರಡನೇ ದಿನಕ್ಕೇ ಮುಖ ಸಪ್ಪೆ ಮಾಡಿಕೊಂಡು ಕೂತರು. ‘ಮಾಮ, ನೆಟ್ ಬರಲ್ಲ, ಕರೆಂಟ್ ನಿಲ್ಲಲ್ಲ, ಹೊರಗೆ ಜಿಗಣೆ. ಇಲ್ಲಿ ಏನ್ ಆಡೋದು?’ ದೊಡ್ಡವನಿಗೆ ಬೇಕಿದ್ದ ಆಟ 100 ಜಿಬಿ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಅದನ್ನು ಇಳಿಸಲು 50 ದಿನ ಬೇಕು. ಗೌರಿ ಹಬ್ಬಕ್ಕೆ ಒತ್ತಿದ ಬಟನ್ನು ದೀಪಾವಳಿ ಹೊತ್ತಿಗೆ ಫಲ ಕೊಡುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಹೊಂದುವುದು ಇಂಡೀ ಆಟಗಳು. ದೊಡ್ಡ ಕಂಪನಿಯ ದುಡ್ಡಿಲ್ಲದೆ ಒಬ್ಬರೋ ನಾಲ್ಕೈದು ಜನರೋ ಸೇರಿ ತಯಾರಿಸುವ ಆಟಗಳಿವು. ಗಾತ್ರ ಚಿಕ್ಕದು, ಹಳೇ ಲ್ಯಾಪ್‌ಟಾಪ್ ಸಾಕು, ಎಷ್ಟೋ ಆಟಗಳಿಗೆ ನೆಟ್ಟೇ ಬೇಡ. ಆದರೆ ಸಿದ್ಧತೆಯನ್ನು ಮಳೆ ಹಿಡಿಯುವ ಮೊದಲೇ ಮಾಡಿಕೊಂಡಿರಬೇಕು, ಸೌದೆ ಒಟ್ಟಿದ ಹಾಗೆ.

ಮೊದಲು ಲ್ಯಾಪ್‌ಟಾಪ್ ನೋಡಿ

ಸ್ಟೀಮ್ ಎಂಬ, ನೆಟ್ಟಿನಲ್ಲಿರುವ ಆಟದ ಅಂಗಡಿ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿದೆ. ನಿಮ್ಮದು ಅಷ್ಟು ಹಳೆಯದಾಗಿದ್ದರೆ ಇಚ್.ಐಒ (itch.io) ತಾಣಕ್ಕೆ ಹೋಗಿ. ಅಲ್ಲಿ ಬಿಟ್ಟಿ ಆಟಗಳೂ ‘ಮನಸ್ಸಿಗೆ ಬಂದಷ್ಟು ಕೊಡಿ’ ಎನ್ನುವ ಆಟಗಳೂ ರಾಶಿ ಇವೆ; ನೇರವಾಗಿ ಫೈಲ್ ಇಳಿಸಿಕೊಂಡರಾಯಿತು. ವಿಂಡೋಸ್ 10 ಅಥವಾ 11 ಇದ್ದು 4 ಜಿಬಿ ರ‍್ಯಾಮ್ ಇದ್ದರೆ ಈ ಲೇಖನದ ಬಹುಪಾಲು ಆಟ ನಡೆಯುತ್ತದೆ. ಕೊಳ್ಳುವ ಮೊದಲು ಆಟದ ಪುಟದ ಕೆಳಗೆ ಬರೆದಿರುವ ಕನಿಷ್ಠ ಅಗತ್ಯಗಳನ್ನು ಓದಿ. ಓದದೆ ಕೊಂಡು ಕೈ ಸುಟ್ಟುಕೊಂಡವನು ಹೇಳುತ್ತಿದ್ದೇನೆ.

ಡೆಸ್ಕ್‌ಟಾಪ್ ಇದ್ದು ಯುಪಿಎಸ್ ಇಲ್ಲದಿದ್ದರೆ ನಮ್ಮ ಕಡೆ ಆ ಯೋಚನೆಯನ್ನೇ ಬಿಡಿ.

ಖಾತೆ, ಕಾಸು

ಸ್ಟೀಮ್‌ನಲ್ಲಿ ಖಾತೆ ತೆರೆಯಲು ಇಮೇಲ್ ಸಾಕು. ಬೆಲೆ ರೂಪಾಯಿಯಲ್ಲೇ ಕಾಣುತ್ತದೆ, ಯುಪಿಐನಲ್ಲಿ ಕೊಡಬಹುದು. ಅವಸರ ಬೇಡ: ಬೇಸಿಗೆ ಸೇಲ್ ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ ಬರುತ್ತದೆ, ನಮಗದು ಮುಂಗಾರು. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆಟ ಲ್ಯಾಪ್‌ಟಾಪಿಗೆ ಒಗ್ಗಲಿಲ್ಲವೆಂದರೆ ಧಾರಾಳವಾಗಿ ಕೇಳಿ. ಎರಡು ಗಂಟೆಯೊಳಗೆ ಮುಗಿಯುವ ಆಟವನ್ನು ಪೂರ್ತಿ ಆಡಿ ದುಡ್ಡು ವಾಪಸ್ ಕೇಳುವುದು ಮಾತ್ರ ಒಬ್ಬನೇ ಕೂತು ಆಟ ಮಾಡಿದವನ ಹೊಟ್ಟೆಯ ಮೇಲೆ ಹೊಡೆದಂತೆ.

ಪೇಟೆಯಲ್ಲೇ ಇಳಿಸಿಕೊಳ್ಳಿ

ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗುವ ದಿನ ಲ್ಯಾಪ್‌ಟಾಪ್ ಜೊತೆಗಿರಲಿ. ಫೈಬರ್ ನೆಟ್ ಇರುವ ನೆಂಟರ ಮನೆಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಎರಡು ಮೂರು ಆಟ ಇಳಿದಿರುತ್ತವೆ. ಆ ಮನೆಯ ಹುಡುಗನ ಕಂಪ್ಯೂಟರಿನಲ್ಲಿ ಅದೇ ಆಟ ಇದ್ದರೆ ಇನ್ನೂ ಸಲೀಸು. ಒಂದೇ ವೈಫೈನಲ್ಲಿರುವ ಎರಡು ಕಂಪ್ಯೂಟರುಗಳ ನಡುವೆ ಆಟ ವರ್ಗಾಯಿಸುವ ಸೌಲಭ್ಯವನ್ನು ಸ್ಟೀಮ್ 2023ರಲ್ಲಿ ಕೊಟ್ಟಿದೆ. ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಭಾಗದಲ್ಲಿದೆ.

ಇನ್ನು ಎಲ್ಲರೂ ಮರೆಯುವ ಕೆಲಸ. ಇಳಿಸಿದ ಪ್ರತಿ ಆಟವನ್ನೂ ನೆಟ್ ಇರುವಾಗಲೇ ಒಮ್ಮೆ ತೆರೆದು ಮೆನುವಿನವರೆಗೆ ಹೋಗಿ ಮುಚ್ಚಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ, ವೈಫೈ ಆರಿಸಿ, ಆಟ ಮತ್ತೆ ತೆರೆಯುತ್ತದೆಯೇ ನೋಡಿ. ಇದನ್ನು ಮಾಡದೆ ಊರಿಗೆ ಬಂದರೆ, ಆಟ ಡಿಸ್ಕಿನಲ್ಲಿದ್ದೂ ಲಾಗಿನ್ ಕೇಳುವ ಪರದೆಯ ಮುಂದೆ ಕೂತಿರಬೇಕಾದೀತು.

ಟಿವಿಗೆ ಜೋಡಿಸುವುದು

ಒಂದು ಎಚ್‌ಡಿಎಂಐ ಕೇಬಲ್ ಸಾಕು. ಶಬ್ದ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಕೆಳಗಿನ ಸ್ಪೀಕರ್ ಗುರುತು ಒತ್ತಿ ಟಿವಿಯನ್ನು ಆರಿಸಿ. ಟಿವಿಯ ಚಿತ್ರದ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಇದ್ದರೆ ಹಾಕಿ. ಇಲ್ಲದಿದ್ದರೆ ನೀವು ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಗೊಂಬೆ ಹಾರಿದ್ದಕ್ಕೂ ನಡುವೆ ಒಂದು ಚೂರು ತಡವಾಗುತ್ತದೆ, ಮಕ್ಕಳು ಕೈಯಲ್ಲಿ ಹಿಡಿದು ಆಡುವ ಸಾಧನವನ್ನು ತೋರಿಸಿ ‘ಕಂಟ್ರೋಲರ್ ಹಾಳಾಗಿದೆ’ ಎಂದು ಜಗಳ ತೆಗೆಯುತ್ತಾರೆ.

ಕಂಟ್ರೋಲರ್ ವೈರಿನದ್ದೇ ತೆಗೆದುಕೊಳ್ಳಿ. ಚಾರ್ಜ್ ಮಾಡುವ ರಗಳೆ ಇರುವುದಿಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ಮಾತ್ರ ಟಿವಿ ಪ್ಲಗ್ ಕಿತ್ತು ಲ್ಯಾಪ್‌ಟಾಪಿನ ಪರದೆಯಲ್ಲೇ ಆಡಿ. ಜುಲೈ ಮಳೆ ಸುಮ್ಮನೆ ಸುರಿಯುತ್ತದೆ, ಸಿಡಿಲು ಕಡಿಮೆ.

ಮಂದಿ ಸೇರಿದಾಗ

ನಮ್ಮ ಮನೆಯಲ್ಲಿ ಗೆದ್ದದ್ದು 2015ರ ‘ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’. ಕೆನಡಾದ ಪುಟ್ಟ ತಂಡವೊಂದರ ಆಟ. ಒಬ್ಬನ ಮುಂದೆ ಪರದೆ, ಅದರಲ್ಲಿ ಟಿಕ್‌ಟಿಕ್ ಎನ್ನುವ ಬಾಂಬು. ಉಳಿದವರು ಪರದೆ ನೋಡುವಂತಿಲ್ಲ. ಅವರ ಕೈಯಲ್ಲಿ ಬಾಂಬು ಬಿಚ್ಚುವ ಕೈಪಿಡಿ. ಇದು 23 ಪುಟ, ಆಟದವರೇ ಬಿಟ್ಟಿ ಕೊಡುತ್ತಾರೆ, ಪೇಟೆಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಪ್ರಿಂಟ್ ತೆಗೆಸಬಹುದು. ಆಟ ಒಂದು ಪ್ರತಿ ಸಾಕು, ನೆಟ್ ಬೇಡ, ಕಂಟ್ರೋಲರೂ ಬೇಡ. ಮೊದಲ ಬಾಂಬಿಗೆ ಸಮಯ 5 ನಿಮಿಷ.

ಕೈಪಿಡಿ ಇಂಗ್ಲಿಷಿನಲ್ಲಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಅದನ್ನು ಸ್ಥಳದಲ್ಲೇ ಕನ್ನಡ ಮಾಡುತ್ತಿದ್ದರು.

‘ಎಷ್ಟು ವೈರಿದೆಯೋ?’

‘ಮೂರು, ತಾತ.’

‘ಕೆಂಪು?’

‘ಒಂದೂ ಇಲ್ಲ.’

‘ಹಂಗಾದ್ರೆ ಎರಡನೇದು ಕತ್ತರಿಸು.’

ವಿಚಿತ್ರ ಅಕ್ಷರಗಳ ಒಂದು ಭಾಗ ಬರುತ್ತದೆ. ಅವುಗಳಲ್ಲಿ ಎಷ್ಟೋ ಅಕ್ಷರಗಳಿಗೆ ನಮ್ಮ ಬಾಯಿಗೆ ಬರುವ ಹೆಸರಿಲ್ಲ. ನಮ್ಮಲ್ಲಿ ಒಂದು ‘ಜಿಲೇಬಿ’ ಆಯಿತು, ಇನ್ನೊಂದು ‘ಚುಕ್ಕಿ ಕುಡುಗೋಲು’. ಎರಡು ದಿನ ಕಳೆಯುವಷ್ಟರಲ್ಲಿ ಮನೆಗೆ ಮನೆಯೇ ಆ ಹೆಸರುಗಳಲ್ಲಿ ಮಾತಾಡುತ್ತಿತ್ತು. ಒಂದೇ ರೀತಿ ಉಚ್ಚರಿಸುವ ಇಂಗ್ಲಿಷ್ ಪದಗಳ ಮೇಲೆ ನಿಂತಿರುವ ಭಾಗ ಬಂದಾಗ ಮಾತ್ರ ಕಾಲೇಜಿನ ಮಕ್ಕಳ ಕೈಗೆ ಕೈಪಿಡಿ ಕೊಟ್ಟುಬಿಡಿ.

ಗದ್ದಲವೇ ಬೇಕೆಂದರೆ 2016ರ ‘ಓವರ್‌ಕುಕ್ಡ್’. ನಾಲ್ಕು ಜನರವರೆಗೆ ಒಂದೇ ಅಡುಗೆಮನೆಯಲ್ಲಿ ಹೆಚ್ಚಿ, ಬೇಯಿಸಿ, ಪಾತ್ರೆ ತೊಳೆದು ಗಿರಾಕಿಗೆ ಕೊಡಬೇಕು. ಮದುವೆ ಮನೆಯಲ್ಲಿ ಬಡಿಸಲು ನಿಂತವರಿಗೆ ಈ ಒದ್ದಾಟ ಗೊತ್ತು. ಒಂದೇ ಕಂಟ್ರೋಲರನ್ನು ಎಡಕ್ಕೊಬ್ಬ ಬಲಕ್ಕೊಬ್ಬ ಹಿಡಿದು ಇಬ್ಬರು ಆಡುವ ವ್ಯವಸ್ಥೆಯಿದೆ, ಹಾಗಾಗಿ ನಾಲ್ಕು ಕೊಳ್ಳುವ ಅಗತ್ಯವಿಲ್ಲ. ಒಂದೊಂದು ಸುತ್ತು ಕೆಲವೇ ನಿಮಿಷ.

ಚಿಕ್ಕ ಮಕ್ಕಳಿದ್ದರೆ ಆಸ್ಟ್ರೇಲಿಯಾದವರ ‘ಅನ್‌ಟೈಟಲ್ಡ್ ಗೂಸ್ ಗೇಮ್’ ಹಾಕಿ. ನೀವು ಒಂದು ಪುಂಡ ಹೆಬ್ಬಾತು. ತೋಟದವನ ಬೀಗದ ಕೈ ಕದಿಯುವುದು, ಅವನ ಕುಂಟೆಯನ್ನು ಕೆರೆಗೆ ಎಳೆದುಹಾಕುವುದು ಕೆಲಸ. 2020ರಿಂದ ಇಬ್ಬರು ಒಟ್ಟಿಗೆ ಆಡಬಹುದು. ಬಾತು ಸಾಕಿದ ಮನೆಯವರು ಇದನ್ನು ಆಟ ಎನ್ನುವುದಿಲ್ಲ, ದಿನಚರಿ ಎನ್ನುತ್ತಾರೆ.

ಕಾಫಿ ಬೆಳೆಗಾರರು ಸಿಟ್ಟಾಗಬಾರದು

‘ಸ್ಟಾರ್‌ಡ್ಯೂ ವ್ಯಾಲಿ’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ಒಬ್ಬನೇ ನಾಲ್ಕೂವರೆ ವರ್ಷ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ. ತಾತ ಬಿಟ್ಟುಹೋದ ಪಾಳು ಜಮೀನನ್ನು ಹಸನು ಮಾಡುವುದು ಕಥೆ. ಒಬ್ಬರೇ ಆಡಬಹುದು. 2020ರ ಡಿಸೆಂಬರಿನಿಂದ ಒಂದೇ ಟಿವಿಯಲ್ಲಿ ಪರದೆ ಸೀಳಿಕೊಂಡು ಇಬ್ಬರೂ ಆಡಬಹುದು. ಎರಡನೆಯವರಿಗೆ ಕಂಟ್ರೋಲರ್ ಬೇಕು, ಜೊತೆಗೆ ಆಟದೊಳಗೆ ಅವರಿಗೊಂದು ಗುಡಿಸಲು ಕಟ್ಟಿರಬೇಕು.

ಇದರಲ್ಲಿ ಕಾಫಿಯೂ ಇದೆ. ಬೀಜ ಊರಿ 10 ದಿನಕ್ಕೆ ಫಲ, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು, ಬೇಸಿಗೆ ಮುಗಿದರೆ ಗಿಡ ಸತ್ತೇಹೋಯಿತು. ಹೂಮಳೆ ಕಾಯುವುದಿಲ್ಲ, ನೆರಳಿನ ಮರ ಇಲ್ಲ, ಕಾಂಡಕೊರಕ ಇಲ್ಲ, ಕಣದಲ್ಲಿ ಒಣಗಿಸುವುದೂ ಇಲ್ಲ. ಐದು ಬೀಜವನ್ನು ಪೀಪಾಯಿಗೆ ಹಾಕಿದರೆ ಒಂದು ಲೋಟ ಕಾಫಿ ಸಿದ್ಧ. ಗಿಡ ನೆಟ್ಟು ಮೂರು ನಾಲ್ಕು ವರ್ಷ ಮೊದಲ ಫಸಲಿಗೆ ಕಾಯುವ ನಮ್ಮ ಪಕ್ಕದ ತೋಟದವರು ನೋಡಿ, ‘ಇದೇನ್ ಕಾಫಿನೋ ಹುರುಳಿನೋ ಮಾರಾಯ’ ಎಂದರು. ಬೆಳೆ ತಿನ್ನಲು ಕಾಗೆ ಬರುತ್ತದೆ, ಬೆದರುಬೊಂಬೆ ನಿಲ್ಲಿಸಬೇಕು ಎಂದು ವಿವರಿಸಿದೆ. ‘ಆನೆ?’ ಎಂದು ಕೇಳಿದರು. ಆನೆ ಇಲ್ಲ.

ಈಗ ಕರೆಂಟಿನ ವಿಷಯ. ಈ ಆಟದಲ್ಲಿ ಮಾಡಿದ್ದು ಉಳಿಯುವುದು, ಅಂದರೆ ಸೇವ್ ಆಗುವುದು, ದಿನ ಮುಗಿಸಿ ಹಾಸಿಗೆಯಲ್ಲಿ ಮಲಗಿದಾಗ ಮಾತ್ರ. ಆಟದ ಒಂದು ಪೂರ್ತಿ ದಿನವೆಂದರೆ ನಮ್ಮ ಸುಮಾರು 14 ನಿಮಿಷ. ನಡುವೆ ಬ್ಯಾಟರಿ ಕೈಕೊಟ್ಟರೆ ಆ ದಿನದ ಕೆಲಸವೆಲ್ಲ ಹೋಯಿತು. ಬ್ಯಾಟರಿ 15 ಶೇಕಡಾಕ್ಕೆ ಇಳಿದ ಕೂಡಲೇ ಮಧ್ಯಾಹ್ನವಾದರೂ ಸರಿ, ರೈತನನ್ನು ಮಲಗಿಸಿ. ಯಾವ ಆಟ ಕೊಳ್ಳುವಾಗಲೂ ಇದು ಹೇಗೆ, ಯಾವಾಗ ಉಳಿಯುತ್ತದೆ ಎಂದು ವಿಚಾರಿಸಿ. ಬೆಂಗಳೂರಿನವರು ಕೇಳದಿದ್ದರೂ ನಡೆಯುತ್ತದೆ, ನಮಗೆ ನಡೆಯುವುದಿಲ್ಲ.

ಒಬ್ಬರೇ ಇದ್ದಾಗ

‘ಎ ಶಾರ್ಟ್ ಹೈಕ್’ 2019ರದ್ದು. ಕ್ಲೇರ್ ಎಂಬ ಹಕ್ಕಿಗೆ ಮುಖ್ಯವಾದ ಒಂದು ಫೋನು ಬರಬೇಕಿದೆ, ಊರಲ್ಲಿ ಸಿಗ್ನಲ್ ಇಲ್ಲ, ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ. ಹಲಸಿನ ಮರದ ಬುಡದಲ್ಲಿ ಮಾತ್ರ ಟವರ್ ಸಿಗುವ ಮನೆಯವರಿಗೆ ಇದರ ಕಥೆ ಬಿಡಿಸಿ ಹೇಳಬೇಕಿಲ್ಲ. ಎರಡು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ದಾರಿ ತಪ್ಪಿ ಅಲೆಯುವುದರಲ್ಲೇ ಇದರ ಸುಖ.

2023ರ ‘ವೆನ್ಬಾ’ ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ. ಅಮ್ಮನ ಹರಿದ ಅಡುಗೆ ಪುಸ್ತಕ ನೋಡಿ, ಅಳಿಸಿಹೋದದ್ದನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲ ಪಾಠವೇ ಇಡ್ಲಿ. ಇದನ್ನು ಅಡುಗೆ ಬಲ್ಲವರ ಕೈಗೆ ಕೊಟ್ಟು ನೀವು ಪಕ್ಕದಲ್ಲಿ ಕೂರಿ.

ಕಷ್ಟ ಇಷ್ಟವಾದರೆ ‘ಸೆಲೆಸ್ಟ್’. 2018ರ ಈ ಆಟದಲ್ಲೂ ಬೆಟ್ಟವೇ, ಆದರೆ ಹೆಜ್ಜೆಗೊಂದು ಸಾವು. ‘ಅಸಿಸ್ಟ್ ಮೋಡ್’ ಹಾಕಿ ವೇಗ ತಗ್ಗಿಸಿಕೊಳ್ಳಬಹುದು, ನಾನು ನಾಚಿಕೆಯಿಲ್ಲದೆ ತಗ್ಗಿಸಿಕೊಂಡೆ. ಇಸ್ಪೀಟು ಪ್ರಿಯರಿಗೆ 2024ರ ‘ಬಲಾಟ್ರೋ’ ಇದೆ. ಪೋಕರ್ ಎಲೆಗಳೇ, ಆದರೆ ದುಡ್ಡು ಕಟ್ಟುವುದಿಲ್ಲ, ಎದುರಾಳಿಯೂ ಇಲ್ಲ. ಮೊಬೈಲಿನಲ್ಲೂ ಸಿಗುತ್ತದೆ. ಚಟ ಹಿಡಿಯುತ್ತದೆ, ರಾತ್ರಿ ಊಟದ ನಂತರ ಶುರು ಮಾಡಬೇಡಿ.

ದೂರದಲ್ಲಿರುವ ಗೆಳೆಯರ ಜೊತೆ

ನೆಟ್ ಚೆನ್ನಾಗಿರುವ ದಿನಕ್ಕೆ ಸ್ಟೀಮ್‌ನ ‘ರಿಮೋಟ್ ಪ್ಲೇ ಟುಗೆದರ್’ ಬಳಸಿ. ಒಬ್ಬರ ಬಳಿ ಆಟ ಇದ್ದರೆ ಸಾಕು, ಅವರ ಪರದೆ ವಿಡಿಯೊ ಆಗಿ ಉಳಿದವರಿಗೆ ಹೋಗುತ್ತದೆ. ಹಾಗಾಗಿ ಆಟ ತೆರೆಯುವವರ ಅಪ್‌ಲೋಡ್ ವೇಗ ಚೆನ್ನಾಗಿರಬೇಕು. ಆಟವನ್ನು ಬೆಂಗಳೂರಿನ ಗೆಳೆಯನೇ ಕೊಂಡು ತೆರೆಯಲಿ, ಮೂಡಿಗೆರೆಯಿಂದ ನೀವು ಸೇರಿಕೊಳ್ಳಿ. ಖರ್ಚೂ ಅವನದೇ ಆಗುತ್ತದೆ.

ಆಟ ಮುಗಿದ ಮೇಲೆ

ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಕಂಟ್ರೋಲರಿಗೆ ಬಾರದೆ ಇರುತ್ತದೆಯೇ? ಒಣ ಬಟ್ಟೆಯಲ್ಲಿ ಕೈಬೆವರು ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೊಸ ಶೂ ಡಬ್ಬದಲ್ಲಿ ಬರುತ್ತವಲ್ಲ, ಸಿಲಿಕಾ ಜೆಲ್ ಪೊಟ್ಟಣ, ಎರಡು ಜೊತೆಗೆ ಹಾಕಿ. ನಮ್ಮದು ಅಮ್ಮನ ಹಪ್ಪಳದ ಡಬ್ಬಿಯ ಪಕ್ಕ, ಒಲೆಯ ಮೇಲಿನ ಅಟ್ಟದಲ್ಲಿದೆ. ತೀರಾ ಹೊಗೆ ತಾಗುವಷ್ಟು ಹತ್ತಿರ ಬೇಡ, ಬಟನ್ನು ಅಂಟಲು ಶುರುವಾಗುತ್ತದೆ.