ನೊರೆ ಏಳಲಿ, ಆಮೇಲೆ ಹೇಳಿ: ಶೇವಿಂಗ್ ಸೋಪು, ಆಫ್ಟರ್‌ಶೇವ್ ಪರಿಮಳ ಹೋಲಿಸುವುದು ಹೇಗೆ?

ಸಣ್ಣ ತಯಾರಕರು ಕೈಯಾರೆ ಮಾಡುವ ಶೇವಿಂಗ್ ಸೋಪು ಕೊಂಡವರಲ್ಲಿ ಹಲವರು ಹೇಳುವ ಮಾತೊಂದಿದೆ: 'ಡಬ್ಬಿಯಲ್ಲಿ ಘಮ್ಮೆನ್ನುತ್ತಿತ್ತು, ಮುಖಕ್ಕೆ ಹಚ್ಚಿದರೆ ಏನೂ ಇಲ್ಲ.' ಅದೇ ಹೆಸರಿನ ಆಫ್ಟರ್‌ಶೇವ್ ಹಚ್ಚಿಕೊಂಡಾಗ 'ಇದು ಆ ಸೋಪಿನ ವಾಸನೆಯೇ ಅಲ್ಲವಲ್ಲ' ಎಂಬ ಅನುಮಾನವೂ ಬರುತ್ತದೆ. ಬಹಳ ಸಲ ಎಡವಟ್ಟಾಗುವುದು ನಾವು ಹೋಲಿಸುವ ರೀತಿಯಲ್ಲಿ. ಗಟ್ಟಿ ಸೋಪು, ಬಿಸಿನೀರು ಕುಡಿದ ನೊರೆ, ಒರೆಸಿ ಒಣಗಿದ ಚರ್ಮ ಈ ಮೂರು ಕಡೆಯೂ ಒಂದೇ ಪರಿಮಳ ಮೂರು ಬಗೆಯಾಗಿ ನಡೆದುಕೊಳ್ಳುತ್ತದೆ. ಒಂದರ ಡಬ್ಬಿಯನ್ನು ಇನ್ನೊಂದರ ಸೀಸೆಯ ಜೊತೆ ಹೋಲಿಸಿದರೆ ಉತ್ತರ ಸರಿಯಾಗಿ ಸಿಗುವುದಿಲ್ಲ. ಡಬ್ಬಿಯ ಎದುರು ಡಬ್ಬಿ, ನೊರೆಯ ಎದುರು ನೊರೆ, ಒಣಗಿದ ಚರ್ಮದ ಎದುರು ಒಣಗಿದ ಚರ್ಮ ಇರಬೇಕು.

ಮೊದಲು ಮೂಗು, ಆಮೇಲೆ ಬ್ರಷ್

ಸೆಂಟು ಹಾಕಿಕೊಂಡು, ಸಿಗರೇಟು ಸೇದಿ ಅಥವಾ ಘಾಟಿನ ಅಡುಗೆಮನೆಯಿಂದ ಎದ್ದು ಬಂದು ಕೂರಬೇಡಿ. ಒಂದೇ ವಾಸನೆಯನ್ನು ಕೆಲವು ನಿಮಿಷ ಮೂಸುತ್ತಿದ್ದರೆ ಮೂಗು ಅದಕ್ಕೆ ಮಂಕಾಗುತ್ತದೆ. ಹಾಗಾಗಿ ಒಂದು ಕೂರಿಕೆಗೆ ಮೂರು ಮಾದರಿ ಸಾಕು, ನಾಲ್ಕನೆಯದು ನಾಳೆಗಿರಲಿ. ನಡುನಡುವೆ ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುತ್ತದೆ ಎನ್ನುವವರಿದ್ದಾರೆ. ಕಾಫಿಯೂ ಇನ್ನೊಂದು ಗಾಢ ವಾಸನೆಯೇ. ಕಿಟಕಿ ಬಳಿ ಹೋಗಿ ಎರಡು ನಿಮಿಷ ನಿಲ್ಲುವುದು ಮೇಲು.

ಬ್ರಷ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಿಂದಿನ ದಿನ ಮೆಂಥಾಲ್ ಸೋಪಿಗೆ ಅದ್ದಿದ್ದ ಬ್ರಷ್ಷನ್ನು ಬರೀ ನೀರಿನಲ್ಲಿ ತೊಳೆದು, ಮರುದಿನ ಗುಲಾಬಿ ಸೋಪಿಗೆ ಬಳಸಿದೆ. ಗುಲಾಬಿಯೊಳಗೆ ತಣ್ಣನೆಯ ಪುದೀನದ ಎಳೆಯೊಂದು ಕಂಡಿತು. ಎಷ್ಟು ಚೆಂದದ ಯೋಚನೆ ಎಂದು ಟಿಪ್ಪಣಿ ಬರೆದುಕೊಂಡೂ ಆಯಿತು. ತಿಂಗಳ ನಂತರ ಬೇರೆ ಬ್ರಷ್ಷಿನಲ್ಲಿ ನೊರೆ ಎಬ್ಬಿಸಿದಾಗ ಆ ಪುದೀನ ಇರಲೇ ಇಲ್ಲ. ಬ್ರಷ್ಷಿನ ಕೂದಲ ಬುಡದಲ್ಲಿ ಪರಿಮಳ ಕೂತುಬಿಡುತ್ತದೆ. ವಾಸನೆಯಿಲ್ಲದ ಸೋಪಿನಿಂದ ಬುಡದವರೆಗೆ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಹೋಲಿಕೆಗೆ ತೆಗೆದುಕೊಳ್ಳಿ. ಮೆಂಥಾಲ್ ಇರುವುದನ್ನು ಯಾವಾಗಲೂ ಕೊನೆಗೆ ಇಡಿ.

ಡಬ್ಬಿ ಹೇಳುವುದು ಅರ್ಧ ಮಾತ್ರ

ಮುಚ್ಚಳ ತೆಗೆದು ಒಮ್ಮೆ ಮೂಸಿ, ತೋಚಿದ ಮೂರು ಪದ ಬರೆದು, ಪಕ್ಕಕ್ಕಿಡಿ. ಇಲ್ಲಿ ಹೆಚ್ಚು ಹೊತ್ತು ಬೇಡ. ಬಣ್ಣವನ್ನು ಮಾತ್ರ ಗಮನಿಸಿ: ವೆನಿಲಾ ಘಮ ಕೊಡುವ ವೆನಿಲಿನ್ ಇರುವ ಸೋಪು ದಿನ ಕಳೆದಂತೆ ಕಂದಾಗುತ್ತದೆ. ಅದನ್ನು ಕಂಡು ಸೋಪು ಕೆಟ್ಟಿತು ಎಂದುಕೊಳ್ಳಬೇಕಿಲ್ಲ.

ನೊರೆಯಲ್ಲಿ ನಿಜವಾದ ಪರೀಕ್ಷೆ

ಪ್ರತಿ ಸೋಪಿಗೂ ಒಂದೇ ಬಟ್ಟಲು, ಒಂದೇ ಬಿಸಿಯ ನೀರು. ಬ್ರಷ್ಷನ್ನು ಸೋಪಿನ ಮೇಲೆ 20 ಸೆಕೆಂಡು ಆಡಿಸಿ, ಬಟ್ಟಲಿನಲ್ಲಿ ನೊರೆ ಎಬ್ಬಿಸಿ. ಮೂಗನ್ನು ನೊರೆಗೆ ತಾಗಿಸದೆ ಒಂದು ಗೇಣು ದೂರದಿಂದ ಮೂಸಿ. ಆಗಲೇ ಒಮ್ಮೆ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಬರೆಯಿರಿ.

ಈ ಐದು ನಿಮಿಷದಲ್ಲಿ ಆಗುವುದೇನು? ಬಿಸಿನೀರು ಹಗುರ ಅಣುಗಳನ್ನು ಬೇಗ ಮೇಲಕ್ಕೆಬ್ಬಿಸುತ್ತದೆ. ನಿಂಬೆ, ಕಿತ್ತಳೆ ಜಾತಿಯ ಪರಿಮಳ ಮೊದಲು ಬಂದು ಮೊದಲು ಹೋಗುತ್ತದೆ. ಜೊತೆಗೆ ಸೋಪು ಕ್ಷಾರ, ಪಿಎಚ್ ಸಾಮಾನ್ಯವಾಗಿ 9ರಿಂದ 10ರ ಆಸುಪಾಸು. ಲ್ಯಾವೆಂಡರ್ ಮತ್ತು ಬರ್ಗಮಾಟ್ ಎಣ್ಣೆಗಳಿಗೆ ನಯ ಕೊಡುವ ಲಿನಲಿಲ್ ಅಸಿಟೇಟ್ ಕ್ಷಾರದಲ್ಲಿ ನಿಧಾನಕ್ಕೆ ಒಡೆಯುತ್ತದೆ. ಆಲ್ಕೋಹಾಲಿನ ಆಫ್ಟರ್‌ಶೇವ್‌ನಲ್ಲಿ ಅದಕ್ಕೆ ಈ ಕಾಟವಿಲ್ಲ. ಒಂದೇ ಸೂತ್ರದ ಪರಿಮಳ ಸೋಪಿನಲ್ಲೊಂದು ಥರ, ಸೀಸೆಯಲ್ಲೊಂದು ಥರ ಕಾಣುವುದಕ್ಕೆ ಇದೊಂದು ಕಾರಣ. ಪಚೌಲಿ, ಲಾವಂಚ, ಶ್ರೀಗಂಧ, ದೇವದಾರು ಇವೆಲ್ಲ ಭಾರದವು, ಸುಲಭಕ್ಕೆ ಜಗ್ಗುವುದಿಲ್ಲ.

ನನ್ನ ಟಿಪ್ಪಣಿ ಪುಸ್ತಕದಿಂದ ಒಂದು ಪುಟ. ಫೂಜೇರ್ ಎಂಬ ಪರಿಮಳ ಮನೆತನದ ಸೋಪು. ಡಬ್ಬಿಯಲ್ಲಿ: ಲ್ಯಾವೆಂಡರ್, ಚುರುಕು, ಸ್ವಲ್ಪ ಕರ್ಪೂರ. ನೊರೆ ಎದ್ದಾಗ: ಲ್ಯಾವೆಂಡರ್ ಹಿಂದೆ ಸರಿದಿದೆ, ಬಿಸಿಲಿಗೆ ಹಾಕಿದ ಒಣಹುಲ್ಲು. ಐದು ನಿಮಿಷಕ್ಕೆ: ಹುಲ್ಲು ಇನ್ನೂ ಇದೆ, ಅಡಿಯಲ್ಲಿ ಒದ್ದೆ ಮರದ ತೊಗಟೆ. ಆ ಹುಲ್ಲಿನ ಘಮ ಕೌಮರಿನ್‌ನದು. 1868ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ. 1882ರಲ್ಲಿ ಪಾಲ್ ಪಾರ್ಕೆ ಊಬಿಗಾನ್ ಸಂಸ್ಥೆಗಾಗಿ ಅದನ್ನು ಬಳಸಿ 'ಫೂಜೇರ್ ರಾಯಲ್' ರೂಪಿಸಿದ. ಲ್ಯಾವೆಂಡರ್, ಕೌಮರಿನ್, ಓಕ್‌ಮಾಸ್ (ಮರದ ಮೇಲೆ ಬೆಳೆಯುವ ಕಲ್ಲುಹೂವಿನ ಬಗೆ) ಈ ಮೂರರ ಕೂಟಕ್ಕೆ ಅಲ್ಲಿಂದ ಆ ಹೆಸರು ಅಂಟಿಕೊಂಡಿತು. 'ಬಾರ್ಬರ್‌ಶಾಪ್' ಎಂದು ಚೀಟಿ ಅಂಟಿಸಿಕೊಂಡು ಬರುವ ಎಷ್ಟೋ ಸೋಪುಗಳು ಇದೇ ಮನೆತನದವು, ಮೇಲೊಂದಿಷ್ಟು ಪೌಡರಿನ ಘಮ ಸೇರಿಸಿರುತ್ತಾರೆ. ಹೋಲಿಸುವುದಾದರೆ ಒಂದೇ ಮನೆತನದೊಳಗೆ ಹೋಲಿಸಿ. ಲವಂಗದಂತೆ ಘಮಿಸುವ ಯೂಜಿನಾಲ್ ತುಂಬಿದ ಬೇ ರಮ್ ಎಂಬ ಬೇರೆಯೇ ಬಗೆಯ ಪರಿಮಳವನ್ನು ಫೂಜೇರ್ ಪಕ್ಕ ಇಟ್ಟು 'ಯಾವುದು ಹೆಚ್ಚು' ಎಂದು ಕೇಳಿದರೆ ಗೊತ್ತಾಗುವುದು ನಿಮ್ಮ ಇಷ್ಟವೇ ಹೊರತು ಸೋಪಿನ ಗುಣವಲ್ಲ.

ಆಫ್ಟರ್‌ಶೇವ್: ಮೊದಲ ನಿಮಿಷ ಲೆಕ್ಕಕ್ಕಿಲ್ಲ

ಸೀಸೆಯ ಬಾಯಿಗೆ ಮೂಗು ಹಿಡಿದರೆ ಸಿಗುವುದು ಬಹುಪಾಲು ಆಲ್ಕೋಹಾಲು. ಕಾಗದದ ಪಟ್ಟಿಗೆ ಎರಡು ಹನಿ, ಮುಂಗೈ ಒಳಭಾಗಕ್ಕೆ ಎರಡು ಹನಿ ಹಾಕಿ, ಒಂದು ನಿಮಿಷ ಆರಲು ಬಿಡಿ. ಆಮೇಲೆ 15 ನಿಮಿಷಕ್ಕೆ, ಎರಡು ಗಂಟೆಗೆ ಮೂಸಿ. ಆಗಷ್ಟೇ ಬ್ಲೇಡು ಆಡಿದ ಕೆನ್ನೆಯ ಮೇಲೆ ಮೊದಲ ಪರೀಕ್ಷೆ ಬೇಡವೇ ಬೇಡ. ಉರಿ ಗಮನವನ್ನೆಲ್ಲ ಎಳೆದುಕೊಳ್ಳುತ್ತದೆ. ಕ್ರೀಮಿನಂಥ ಬಾಮ್ ಆದರೆ ಅದರೊಳಗಿನ ಜಿಡ್ಡು ಪರಿಮಳವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಬಾಮ್ ಮತ್ತು ನೀರಿನಂಥ ಸ್ಪ್ಲಾಶ್ ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಬೇಡಿ.

ಮೆಂಥಾಲಿನ ತಂಪು ಪ್ರತ್ಯೇಕ ವಿಷಯ. ಅದು ವಾಸನೆಯೇ ಅಲ್ಲ, ಚರ್ಮದಲ್ಲಿ ಚಳಿಯನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನು ಮೆಂಥಾಲ್ ಕೆಣಕುವುದರಿಂದ ಆಗುವ ಅನುಭವ. 2002ರಲ್ಲಿ ಆ ಗ್ರಾಹಕ ಪತ್ತೆಯಾಯಿತು. ತಂಪು ಜೋರಾಗಿದ್ದಲ್ಲಿ ಮೆತ್ತನೆಯ ಹೂವಿನ ಪರಿಮಳ ಕಾಣದಾಗುತ್ತದೆ. ಮೆಂಥಾಲಿನ ಎದುರು ಮೆಂಥಾಲನ್ನೇ ನಿಲ್ಲಿಸಿ.

ಜೋಡಿ ನಿಜಕ್ಕೂ ಜೋಡಿಯೇ?

ಎಡಗೈ ಒಳಭಾಗಕ್ಕೆ ನೊರೆ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆದು ಒರೆಸಿ. ಬಲಗೈಗೆ ಆಫ್ಟರ್‌ಶೇವ್. ಇಪ್ಪತ್ತು ನಿಮಿಷದ ಮೇಲೆ ಎರಡನ್ನೂ ಮೂಸಿದರೆ ಕೊನೆಗೆ ಉಳಿಯುವ ತಳದ ಪರಿಮಳ ಹೊಂದುತ್ತದೆಯೇ ಎಂಬುದು ತಿಳಿಯುತ್ತದೆ. ಚೀಟಿಯ ಮೇಲಿನ ಹೆಸರು ನಮ್ಮ ಮೂಗಿಗೆ ಬಹಳ ಹೇಳಿಕೊಡುತ್ತದೆ, ಅದನ್ನು ಮರೆಮಾಡಬೇಕು. ಮನೆಯವರೊಬ್ಬರ ಕೈಲಿ ಮೂರು ಸೋಪಿನ ನೊರೆಯನ್ನು ಮೂರು ಲೋಟದಲ್ಲಿ, ಅವುಗಳ ಜೊತೆಗಾರ ಆಫ್ಟರ್‌ಶೇವ್‌ಗಳನ್ನು ಮೂರು ಪಟ್ಟಿಯಲ್ಲಿ ಇಡಿಸಿ, ನೀವು ಜೋಡಿ ಕಟ್ಟಿ. ಬರೀ ಊಹೆಯಿಂದ ಮೂರೂ ಜೋಡಿ ಸರಿಹೋಗುವ ಸಾಧ್ಯತೆ ಆರರಲ್ಲಿ ಒಂದು. ಎರಡು ದಿನ ಸತತವಾಗಿ ಸರಿ ಹೇಳಿದರೆ ಆ ತಯಾರಕರ ಕೆಲಸ ಅಚ್ಚುಕಟ್ಟಾಗಿದೆ ಎಂದು ನಾನು ಒಪ್ಪುತ್ತೇನೆ.

ಹಳೆಯ ಬ್ಯಾಚು, ಹೊಸ ಬ್ಯಾಚು ಬೇರೆ ಎನಿಸಿದರೆ ಇನ್ನೊಂದು ದಾರಿಯಿದೆ. ಮೂರು ಕಾಗದದ ಪಟ್ಟಿ ಮಾಡಿಸಿ, ಎರಡರಲ್ಲಿ ಒಂದೇ ಬ್ಯಾಚು, ಮೂರನೆಯದರಲ್ಲಿ ಇನ್ನೊಂದು. ಬೇರೆಯದನ್ನು ಆರಿಸಿ. ಕುರುಡು ಊಹೆ ಮೂರಕ್ಕೊಂದು ಸಲ ಸರಿಯಾಗುತ್ತದೆ, ಸತತ ಮೂರು ಸಲ ಸರಿಯಾಗುವುದು 27ರಲ್ಲಿ ಒಮ್ಮೆ ಮಾತ್ರ. ವ್ಯತ್ಯಾಸಕ್ಕೆ ನಿಜವಾದ ಕಾರಣಗಳೂ ಇರುತ್ತವೆ. ಓಕ್‌ಮಾಸ್ ವಿಷಯವನ್ನೇ ತೆಗೆದುಕೊಳ್ಳಿ. ಅದರಲ್ಲಿ ಸಹಜವಾಗಿಯೇ ಇರುವ ಅಟ್ರಾನಾಲ್ ಮತ್ತು ಕ್ಲೋರೊಅಟ್ರಾನಾಲ್ ಅಲರ್ಜಿ ಉಂಟುಮಾಡುತ್ತವೆಂದು ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧದ ನಿಯಮ ತಂದಿತು. ಹಳೆಯ ಫೂಜೇರ್‌ಗಳ ಆ ಕತ್ತಲೆ ಕಾಡಿನ ಘಮ ಈಗ ತೆಳುವಾಗಿದೆ ಎಂದು ಹಳಬರು ಹೇಳಿದರೆ ಅದನ್ನು ಬರೀ ನೆನಪಿನ ಮೋಹ ಎಂದು ತಳ್ಳಿಹಾಕಬೇಡಿ.

ಮಸ್ಕ್, ಅಂದರೆ ಕಸ್ತೂರಿಯಂಥ ಪರಿಮಳದ ಬಗ್ಗೆ ಜಗಳ ಬಂದರೂ ತಾಳ್ಮೆ ಇರಲಿ. ಕೆಲವು ಕೃತಕ ಮಸ್ಕ್‌ಗಳನ್ನು ಗ್ರಹಿಸಲು ಕೆಲವರ ಮೂಗಿಗೆ ಆಗುವುದೇ ಇಲ್ಲ. ನಿಮಗೆ ಸಪ್ಪೆ ಎನಿಸಿದ್ದು ಪಕ್ಕದವರಿಗೆ ತಲೆನೋವು ತರುವಷ್ಟು ಗಾಢವಾಗಿರಬಹುದು.

ಒಂದು ಎಚ್ಚರಿಕೆ: ಕಿತ್ತಳೆ, ಲ್ಯಾವೆಂಡರ್‌ನಂಥ ಪರಿಮಳ ಎಣ್ಣೆಗಳಲ್ಲಿರುವ ಲಿಮೊನೀನ್, ಲಿನಲೂಲ್ ಗಾಳಿಗೆ ತೆರೆದುಕೊಂಡಷ್ಟೂ ಚರ್ಮಕ್ಕೆ ಅಲರ್ಜಿ ತರುವ ರೂಪಕ್ಕೆ ತಿರುಗುತ್ತವೆ. ವರ್ಷಗಟ್ಟಲೆ ಅರ್ಧ ಖಾಲಿ ಬಿದ್ದಿದ್ದ ಸೀಸೆಯನ್ನು ಹೋಲಿಕೆಗೆಂದು ಕೆನ್ನೆಗೆ ಸುರಿದುಕೊಳ್ಳಬೇಡಿ, ಕಾಗದದ ಪಟ್ಟಿ ಸಾಕು.

ಕೊನೆಯ ಹೆಜ್ಜೆ ಸಂಜೆಗೆ. ಬೆಳಿಗ್ಗೆ ಹಚ್ಚಿಕೊಂಡಿದ್ದು ಕೆನ್ನೆಯಲ್ಲಿ ಉಳಿದಿರಲಿಕ್ಕಿಲ್ಲ. ಅಂಗಿ ಬಿಚ್ಚಿದಾಗ ಕಾಲರಿನ ಒಳಮಗ್ಗುಲನ್ನು ಮೂಸಿ, ಆ ಪುಟದ ಕೆಳಗೆ ಇನ್ನೊಂದು ಪದ ಸೇರಿಸಿ.