ಬಡಾವಣೆಯ ಪಾರ್ಕಿಗೂ ಅಂಗಡಿ ಗಲ್ಲಿಗೂ ಪಾಲಿಕೆಯಿಂದ ಹಣ ಹಾಕಿಸಿಕೊಳ್ಳುವುದು ಹೇಗೆ

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಅಸ್ತರ್, ಫಾಲ್, ಪಿಕೋ. ಹತ್ತು ಬೈ ಹನ್ನೆರಡರ ಗಾಳಾ, ಅಂದರೆ ಮಳಿಗೆ. ಮನೆ ಇರುವುದು ಊರಿನ ಇನ್ನೊಂದು ತುದಿಯ ಬಡಾವಣೆಯಲ್ಲಿ. ಹಾಗಾಗಿ ವರ್ಷಕ್ಕೆ ಪಾಲಿಕೆಯಲ್ಲಿ ನನಗೆ ಎರಡು ಕೆಲಸ: ಮನೆಯ ಘರಪಟ್ಟಿ (ಆಸ್ತಿ ತೆರಿಗೆ), ಅಂಗಡಿಯ ಲೈಸೆನ್ಸು. ಬಡಾವಣೆ ಸಂಘದ ಕಾರ್ಯದರ್ಶಿ ಆದ ಮೇಲೆ ಮೂರನೆಯದೂ ಗಂಟು ಬಿತ್ತು. ಪಾರ್ಕು.

ಆ ಪಾರ್ಕಿನ ಹಿಂದೆ ನಾವು ಒಂದೂವರೆ ವರ್ಷ ಸುಮ್ನೆ ಕಳೆದೆವು. ತಪ್ಪು ಪೂರಾ ನಮ್ಮದೇ. 64 ಸಹಿ ಹಾಕಿಸಿ, ಹಾರ ಶಾಲು ತಗೊಂಡು ಹೋಗಿ, 'ಪಾರ್ಕ್ ಅಭಿವೃದ್ಧಿ ಮಾಡಿಕೊಡಬೇಕೆಂದು ವಿನಂತಿ' ಅಂತ ಅರ್ಜಿ ಕೊಟ್ಟು ಫೋಟೋ ತೆಗೆಸಿಕೊಂಡು ಬಂದೆವು. ಅಷ್ಟೇ. ಆಮೇಲೆ ನಮ್ಮ ಓಣಿಯ ಕಾಕಾ ಒಬ್ಬರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಅರ್ಜಿಯ ಕಾಪಿ ನೋಡಿ ನಕ್ಕರು. "ಅಕ್ಕಾರ, ಇದರಾಗ ಇನ್ವರ್ಡ್ ನಂಬರ್ ಇಲ್ಲ, ಸರ್ವೆ ನಂಬರ್ ಇಲ್ಲ, ಎಷ್ಟ್ ರೊಕ್ಕ ಬೇಕಂತನೂ ಇಲ್ಲ. ಯಾರರ ಏನ್ ಮಾಡಬೇಕ್ರೀ?"

ಅವರು ಹೇಳಿಕೊಟ್ಟಿದ್ದು, ನಾವು ಅಲೆದು ಕಲಿತದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಲನ್ ಓದಿ

ನಿಮ್ಮ ಘರಪಟ್ಟಿಯ ಚಲನ್ ತೆಗೆದು ಮುಂದಿಟ್ಟುಕೊಳ್ಳಿ. ತೆರಿಗೆ 4,000 ರೂಪಾಯಿ ಅಂತ ಹಿಡಿಯೋಣ. ಅದರ ಮೇಲೆ ಆರೋಗ್ಯ ಸೆಸ್ ಶೇ. 15, ಅಂದರೆ 600. ಗ್ರಂಥಾಲಯ ಸೆಸ್ ಶೇ. 6, ಅಂದರೆ 240. ಭಿಕ್ಷುಕರ ಸೆಸ್ ಶೇ. 3, ಅಂದರೆ 120. ನಗರ ಸಾರಿಗೆ ಸೆಸ್ ಶೇ. 2, ಅಂದರೆ 80. ಎಲ್ಲ ಸೇರಿ 5,040. ಕಸದ ಶುಲ್ಕ ಇದರ ಮೇಲೆ.

ಇದರಲ್ಲಿ 'ಪಾರ್ಕ್' ಅಂತ ಒಂದು ಸಾಲು ಹುಡುಕಿ. ಸಿಗುವುದಿಲ್ಲ. ಗ್ರಂಥಾಲಯದ ಹಣ ಗ್ರಂಥಾಲಯಕ್ಕೆ, ಭಿಕ್ಷುಕರ ಸೆಸ್ ಅವರ ಪುನರ್ವಸತಿಗೆ ಹೋಗುತ್ತದೆ. ಗಟಾರ, ಬೀದಿದೀಪ, ರಸ್ತೆ, ನೌಕರರ ಪಗಾರ, ನಿಮ್ಮ ಪಾರ್ಕು ಎಲ್ಲವೂ ಆ 4,000ದ ಮೇಲೆ ಕಣ್ಣಿಟ್ಟು ಕೂತಿರುತ್ತವೆ. ಜೊತೆಗೆ ಸರ್ಕಾರದ ಅನುದಾನ, ಲೈಸೆನ್ಸ್ ಶುಲ್ಕ, ಪಾಲಿಕೆ ಮಳಿಗೆಗಳ ಬಾಡಿಗೆ ಬರುತ್ತವೆ, ನಿಜ. ಆದರೆ ಪಾರ್ಕಿಗೆ ಅಂತ ಎತ್ತಿಟ್ಟ ಹಣ ನಿಮ್ಮ ಚಲನ್‌ನಲ್ಲಿಲ್ಲ. ಅದನ್ನು ಪ್ರತಿ ವರ್ಷ ಕೇಳಿಯೇ ಹಾಕಿಸಿಕೊಳ್ಳಬೇಕು.

ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನ ಮನೆ ತೆರಿಗೆಯ ಬಿಲ್ಲಿನಲ್ಲಿ ಗಿಡ ಮತ್ತು ದೀಪಕ್ಕೆ ಬೇರೆಯೇ ಒಂದು ಸಾಲು ಇದೆ. ಅಲ್ಲಿ 1972ರಿಂದ ಅದಕ್ಕೊಂದು ಕಾಯ್ದೆ ಇದೆ. ಪ್ರತಿ ವರ್ಷ ಎಂಜಿನಿಯರ್ ವರದಿ ಕೊಡಬೇಕು, ನಗರದ ಕೌನ್ಸಿಲ್ ಜನರ ಅಹವಾಲು ಕೇಳಬೇಕು. 1996ರಲ್ಲಿ ಅಲ್ಲಿಯ ಜನ ಮತ ಹಾಕಿ ಇನ್ನೊಂದು ನಿಯಮ ತಂದರು. ಈ ಶುಲ್ಕ ಹೊಸದಾಗಿ ಹಾಕುವುದಿದ್ದರೆ, ಇಲ್ಲವೇ ಜಾಸ್ತಿ ಮಾಡುವುದಿದ್ದರೆ ಮನೆ ಮಾಲೀಕರಿಗೆ ಮತಪತ್ರ ಕಳಿಸಬೇಕು. ಯಾರು ಎಷ್ಟು ಕಟ್ಟಬೇಕೋ ಅವರ ಮತಕ್ಕೆ ಅಷ್ಟು ತೂಕ. ಬೇಡ ಅನ್ನುವ ಕಡೆ ತೂಕ ಜಾಸ್ತಿ ಬಂದರೆ ಕೌನ್ಸಿಲ್ ಆ ಶುಲ್ಕ ಹಾಕುವಂತಿಲ್ಲ. ವ್ಯಾಪಾರಿಗಳ ಪೇಟೆಗೂ 1989ರ ಬೇರೆ ಕಾಯ್ದೆ ಇದೆ. ಒಟ್ಟು ಶುಲ್ಕದಲ್ಲಿ ಅರ್ಧ ಕಟ್ಟುವಷ್ಟು ಅಂಗಡಿಯವರು ಬರೆದು ವಿರೋಧಿಸಿದರೆ ಮುಗೀತು. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಅವನು ಕಟ್ಟುವ ಮೊತ್ತ ಕೇಳಿದ ಮೇಲೆ ಹೊಟ್ಟೆ ತಣ್ಣಗಾಯಿತು.

ನಮ್ಮಲ್ಲಿ ಮತಪತ್ರ ಇಲ್ಲ. ಘರಪಟ್ಟಿ ವರ್ಷಕ್ಕೆ ಶೇ. 3ರಿಂದ 5ರವರೆಗೆ ಏರಬೇಕು ಅಂತ ಕಾನೂನೇ ಹೇಳುತ್ತದೆ. ಆ ಮೂರೋ ಐದೋ ಅನ್ನುವ ಚರ್ಚೆ ಪಾಲಿಕೆಯ ಸಭೆಯಲ್ಲಿ ನಡೆಯುತ್ತದೆ. ಪೇಪರಿನಲ್ಲಿ ಬಂದ ಮೇಲೆ ಬೈಯುವ ಬದಲು, ವಿಷಯ ಅಜೆಂಡಾಕ್ಕೆ ಬಂದಾಗಲೇ ನಿಮ್ಮ ವಾರ್ಡಿನ ನಗರಸೇವಕರನ್ನು (ಪಾಲಿಕೆ ಸದಸ್ಯರನ್ನು) ಹಿಡಿಯಿರಿ.

ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್ ಸಾದಾ. ಜುಲೈನಿಂದ ತಿಂಗಳಿಗೆ ಶೇ. 2 ದಂಡ. ನಾವು ಪಾರ್ಕ್ ಕೇಳುವ ಮುಂಚೆ ನಮ್ಮ 112 ಮನೆಗಳಲ್ಲಿ ಎಷ್ಟು ಜನ ಪಟ್ಟಿ ಕಟ್ಟಿದ್ದಾರೆ ಅಂತ ಎಣಿಸಿದೆವು. 97. ರಸೀದಿಗಳ ಜೆರಾಕ್ಸ್ ಅರ್ಜಿಗೆ ಪಿನ್ ಮಾಡಿದೆವು. ಹಾಗೆ ಮಾಡಿ ಅಂತ ಯಾವ ನಿಯಮದಲ್ಲೂ ಇಲ್ಲ. ಆದರೆ ಎದುರಿಗೆ ಕೂತವರ ಮುಖ ಬದಲಾಗುತ್ತದೆ, ನಾನು ನೋಡಿದ್ದೇನೆ.

ಜಾಗ ಯಾರದ್ದು?

ನಾವು ಎಡವಿದ್ದು ಇಲ್ಲೇ. ಖಾಸಗಿಯವರು ಮಾಡಿದ ಬಡಾವಣೆಯಾಗಲಿ, ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಮಾಡಿದ್ದಾಗಲಿ, ಪಾಲಿಕೆಗೆ ಹಸ್ತಾಂತರ ಆಗುವವರೆಗೆ ಅಲ್ಲಿಯ ಪಾರ್ಕಿಗೆ ಪಾಲಿಕೆ ಖರ್ಚು ಮಾಡುವುದು ಕಷ್ಟ. ನಮ್ಮದು ಆಗಿರಲಿಲ್ಲ. ನಾವದನ್ನು ಕೇಳಿಯೂ ಇರಲಿಲ್ಲ. ಮಗಳ ಮದುವೆ ಮಾತಾಡಲು ಬೇರೆ ಯಾರದೋ ಮನೆಗೆ ಹೋಗಿ ಕೂತಂತಾಯಿತು.

ಆದ್ದರಿಂದ ಮೊದಲ ಕಾಗದ ಅಂದರೆ ಬಡಾವಣೆಯ ಮಂಜೂರಾದ ನಕ್ಷೆ. ಅದರಲ್ಲಿ ಪಾರ್ಕ್ ಅಂತ ಗುರುತಿಸಿದ ಜಾಗದ ಸರ್ವೆ ನಂಬರ್, ಅಳತೆ ನೋಡಿ. ಎರಡನೆಯದು ಹಸ್ತಾಂತರದ ಪತ್ರ. ಪಾರ್ಕಿನ ಜಾಗದಲ್ಲಿ ಯಾರೋ ಗುಡಿಯನ್ನೋ ಸಮುದಾಯ ಭವನವನ್ನೋ ಕಟ್ಟುವ ಮಾತು ತೆಗೆದರೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ಹೆಸರು ಹೇಳಿ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ಆದರೂ ಪಾರ್ಕ್ ಪಾರ್ಕಾಗಿಯೇ ಇರಬೇಕು.

ಕ್ಯಾಂಪ್ ಭಾಗದವರಿಗೆ ಇದು ಯಾವುದೂ ಲಾಗೂ ಅಲ್ಲ. ಅದು ಕಂಟೋನ್ಮೆಂಟ್ ಬೋರ್ಡಿನದು, ತೆರಿಗೆಯೂ ಅಲ್ಲೇ.

ಕಾಗದ ಕೈಗೆ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯಲ್ಲಿ ಕಥೆ ಬರೆಯಬೇಡಿ. 'ಇಂಥ ಸರ್ವೆ ನಂಬರಿನ ಬಡಾವಣೆಯ ಹಸ್ತಾಂತರ ಪತ್ರದ ದೃಢೀಕೃತ ಪ್ರತಿ ಕೊಡಿ' ಅಂದರೆ ಸಾಕು.

ಅರ್ಜಿಯಲ್ಲಿ ಅಳತೆ ಇರಲಿ

ಎರಡನೇ ಸಲ ಅರ್ಜಿ ಬರೆಯುವಾಗ ನಾವು ಪಾರ್ಕನ್ನು ಅಳೆದೆವು. ಟೇಪು ಯಾರ ಹತ್ತಿರವೂ ಇರಲಿಲ್ಲ. ನಾನು ಅಂಗಡಿಯಲ್ಲಿ ಬಟ್ಟೆ ಅಳೆಯುವ ಮೀಟರ್ ಕಡ್ಡಿಯಿಂದ ಸುತಳಿ ಅಳೆದು, ಹತ್ತು ಮೀಟರಿಗೊಂದು ಗಂಟು ಹಾಕಿದೆ. ಭಾನುವಾರ ಬೆಳಿಗ್ಗೆ ಇಬ್ಬರು ಹುಡುಗರು ಅದನ್ನು ಹಿಡಿದು ಸುತ್ತ ಓಡಿದರು. ಹದಿನಾಲ್ಕು ಗಂಟು ಮತ್ತು ಸ್ವಲ್ಪ. ಅರ್ಜಿಯಲ್ಲಿ ಬರೆದೆವು: ಸುತ್ತ ಸುಮಾರು 142 ಮೀಟರ್ ಜಾಳಿಗೆ ಬೇಲಿ, ಎರಡು ಗೇಟು, ಒಂದು ಬೋರು, ಮೋಟರು, 60 ಗಿಡ, ನಡೆಯಲು ದಾರಿ. ಕೂರಲು ಬೆಂಚು ಬರೆಯಲಿಲ್ಲ. ಬೆಂಚು ದಾನ ಕೊಡಲು ಜನ ಸಿಗುತ್ತಾರೆ, ಹೆಸರು ಬರೆಸಬಹುದಲ್ವಾ! ಮೋಟರಿಗೆ ಯಾರೂ ದಾನ ಕೊಡುವುದಿಲ್ಲ.

ಪಾಲಿಕೆಯ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ನಂಬರ್ ಹಾಕಿಸಿಕೊಳ್ಳಿ. ಆಯುಕ್ತರಿಗೊಂದು, ನಗರಸೇವಕರಿಗೊಂದು ಪ್ರತಿ. ಆಮೇಲೆ ಜೆಇ (ಪಾಲಿಕೆಯ ಜೂನಿಯರ್ ಎಂಜಿನಿಯರ್) ಜಾಗ ನೋಡಲು ಬರುತ್ತಾರೆ. ಆ ದಿನ ಯಾರಾದರೂ ಒಬ್ಬರು ಅಲ್ಲಿರಲೇಬೇಕು. ನೀರು ಎಲ್ಲಿ ನಿಲ್ಲುತ್ತದೆ, ದನ ಎಲ್ಲಿಂದ ನುಗ್ಗುತ್ತವೆ ಅನ್ನುವುದು ನಕ್ಷೆಯಲ್ಲಿ ಕಾಣುವುದಿಲ್ಲ. ಅವರು ಎಸ್ಟಿಮೇಟ್ ಮಾಡಿದ ಮೇಲೆ ಅದರ ಮೊತ್ತ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಮಾತೂ ಆ ಮೊತ್ತದ ಮೇಲೆಯೇ.

ಸಭೆಯ ದಿನಕ್ಕಿಂತ ಸಭೆಗೆ ಮುಂಚಿನ ದಿನಗಳು

ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡು. ಸಾಮಾನ್ಯ ಸಭೆ ತಿಂಗಳಿಗೊಮ್ಮೆ ಸೇರಬೇಕು. ಗ್ಯಾಲರಿಯಲ್ಲಿ ಕೂತು ನೋಡಬಹುದು, ಮಾತಾಡುವಂತಿಲ್ಲ. ಒಮ್ಮೆ ಹೋಗಿ ಬನ್ನಿ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಆದರೆ ನಿಮ್ಮ ಪಾರ್ಕಿನ ವಿಷಯ ಅಲ್ಲಿ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದರ ಹಣೆಬರಹ ಮುಂಚೆಯೇ ಬರೆದಾಗಿರುತ್ತದೆ.

ಬರೆಯುವವರು ಸ್ಥಾಯಿ ಸಮಿತಿಯವರು. 1976ರ ಪೌರ ನಿಗಮಗಳ ಕಾಯ್ದೆಯ ಪ್ರಕಾರ ನಾಲ್ಕು ಸಮಿತಿ: ತೆರಿಗೆ, ಹಣಕಾಸು ಮತ್ತು ಅಪೀಲು ಒಂದು, ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಇನ್ನೊಂದು, ನಗರ ಯೋಜನೆ ಮತ್ತು ಸುಧಾರಣೆ ಮೂರನೆಯದು, ಲೆಕ್ಕಪತ್ರ ಕೊನೆಯದು. ಘರಪಟ್ಟಿಯ ತಕರಾರು ಮೊದಲನೆಯದಕ್ಕೆ. ಪಾರ್ಕಿಗೆ ಮೂರನೆಯದರ ಬಾಗಿಲು ತಟ್ಟಿ, ಹಣಕ್ಕಾಗಿ ಮೊದಲನೆಯದರದ್ದೂ. ಮೇಯರ್, ಸಮಿತಿ ಎಲ್ಲ ವರ್ಷಕ್ಕೊಮ್ಮೆ ಬದಲು. ಹೋದ ವರ್ಷ 'ಮಾಡೋಣ' ಅಂದ ಅಧ್ಯಕ್ಷರು ಈ ವರ್ಷ ಆ ಕುರ್ಚಿಯಲ್ಲಿ ಇರುವುದಿಲ್ಲ. ಅದಕ್ಕೇ ಬಾಯಿಮಾತು ಬೇಡ, ಠರಾವಿನ (ಸಭೆಯ ನಿರ್ಣಯದ) ನಂಬರ್ ಬೇಕು.

ಹೊಸ ವರ್ಷದ ಲೆಕ್ಕ ಏಪ್ರಿಲ್ 1ಕ್ಕೆ ಶುರು. ಮಾರ್ಚ್ ಒಳಗೆ ಬಜೆಟ್ ಆಗಬೇಕು. ಅದಕ್ಕೆ ಮುಂಚೆ ಚಳಿಗಾಲದಲ್ಲಿ ಬಜೆಟ್ ಪೂರ್ವ ಸಭೆ ಕರೆದು ಸಂಘ ಸಂಸ್ಥೆಗಳ ಸಲಹೆ ಕೇಳುತ್ತಾರೆ. ಹೆಚ್ಚು ಜನ ಬರುವುದಿಲ್ಲ. ನಿಮ್ಮ ಎಸ್ಟಿಮೇಟ್ ಆ ಹೊತ್ತಿಗೆ ತಯಾರಿದ್ದರೆ ಅರ್ಧ ಕೆಲಸ ಆದಂತೆ. ಮಾರ್ಚ್‌ನಲ್ಲಿ ಅರ್ಜಿ ಹಿಡಿದು ಹೋದರೆ ಊಟ ಮುಗಿದ ಮೇಲೆ ಪಂಕ್ತಿಗೆ ಹೋದ ಹಾಗೆ.

ವಾರ್ಡ್ ಸಮಿತಿಯ ಬಗ್ಗೆಯೂ ಕೇಳಿ. ಕಾಯ್ದೆಯ ಪ್ರಕಾರ ನಗರಸೇವಕರೇ ಅದರ ಅಧ್ಯಕ್ಷರು, ಇನ್ನು ಹತ್ತು ಜನ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ನಿವಾಸಿಗಳ ಸಂಘದವರು. ನಿಮ್ಮ ಸಂಘ ನೋಂದಣಿ ಆಗಿದ್ದರೆ ಅರ್ಜಿ ಹಾಕಿ.

ಚುನಾಯಿತ ಸಭೆಯೇ ಇಲ್ಲದ ಕಾಲವೂ ಬರುತ್ತದೆ. ಇಲ್ಲಿ 2021ರ ಸೆಪ್ಟೆಂಬರಿನಲ್ಲಿ ಮತ ಹಾಕಿದೆವು, ಮೇಯರ್ ಆಯ್ಕೆ ಆದದ್ದು 2023ರ ಫೆಬ್ರುವರಿಯಲ್ಲಿ. ಅಂಥ ಹೊತ್ತಿನಲ್ಲಿ ಆಡಳಿತಾಧಿಕಾರಿಗೇ ಅರ್ಜಿ.

ಅಂಗಡಿಯವರಿಗೆ

ನಮ್ಮ ಗಲ್ಲಿಯ ಅಂಗಡಿಯವರು ಕೇಳಿದ್ದು ದೊಡ್ಡದೇನಲ್ಲ. ಎರಡು ಕಸದ ಡಬ್ಬಿ, ಗಾಡಿ ನಿಲ್ಲಿಸಲು ಬಿಳಿ ಗೆರೆ, ನಾಲ್ಕು ಗಿಡ. ಕೇಳುವ ಮುಂಚೆ ನಮ್ಮ ಮನೆ ಸ್ವಚ್ಛ ಇರಬೇಕಲ್ವಾ. ಉದ್ದಿಮೆ ಪರವಾನಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಫೆಬ್ರುವರಿಯಲ್ಲೇ ನವೀಕರಣಕ್ಕೆ ಹಾಕಿ. ಸಕಾಲ ನಂಬರ್ ತಗೊಳ್ಳಿ. ಗಾಳಾ ಬಾಡಿಗೆಯದಾದರೆ ಮಾಲೀಕರು ಘರಪಟ್ಟಿ ಕಟ್ಟಿದ್ದಾರೋ ಇಲ್ಲವೋ ಮೊದಲು ನೋಡಿ. ಅವರ ಬಾಕಿ ನಿಮ್ಮ ಲೈಸೆನ್ಸಿಗೆ ಅಡ್ಡ ಬರಬಹುದು. ಬಾಡಿಗೆ ಕರಾರು ಮಾಡಿಕೊಳ್ಳುವಾಗಲೇ ಈ ಮಾತು ಬರೆಸಿಕೊಳ್ಳಿ. ಬೋರ್ಡಿನಲ್ಲಿ ಶೇ. 60 ಕನ್ನಡ, ಅದೂ ಮೇಲ್ಭಾಗದಲ್ಲಿ. 2024ರ ತಿದ್ದುಪಡಿ.

ಮನೆ ಅಂತ ಘೋಷಿಸಿದ ಕಟ್ಟಡದಲ್ಲಿ ಅಂಗಡಿ ಇಟ್ಟಿದ್ದರೆ ಸರಿಮಾಡಿಸಿ. ಪಟ್ಟಿ ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ, ನಿಜ. ಆದರೆ ವ್ಯಾಪಾರಕ್ಕೆ ದರ ಜಾಸ್ತಿ, ಪರಿಶೀಲನೆಗೆ ಬಂದಾಗ ಹಿಂದಿನ ವರ್ಷಗಳದ್ದೂ ಮೇಲೆ ಬೀಳುತ್ತದೆ. ನಮ್ಮ ಮಾವನವರ ಕಾಲದಿಂದ ನನ್ನ ಗಾಳಾದ ಒಂದು ಮೂಲೆ 'ವಾಸ' ಅಂತಲೇ ಇತ್ತು. ಗೊತ್ತಾದ ದಿನವೇ ಬದಲಿಸಿದೆ. ರೊಕ್ಕ ಹೋಯಿತು, ನಿದ್ದೆ ಬಂತು.

ಕುಂಡಗಳನ್ನು ಕೇಳದೆ ಫುಟ್‌ಪಾತ್ ಮೇಲೆ ಇಡಬೇಡಿ. ಅದೂ ಅತಿಕ್ರಮಣವೇ. ನೀರು ಹಾಕುವುದು, ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ ಅಂತ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಅನುಮತಿ ಕೇಳಿ. ದೊಡ್ಡ ಮರ ಕಡಿಯುವ ಮಾತಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, 1976ರ ಮರ ಸಂರಕ್ಷಣೆ ಕಾಯ್ದೆ. ಬೋರ್ಡು ಕಾಣುವುದಿಲ್ಲ ಅಂತ ರಾತ್ರಿ ಕೊಂಬೆಗೆ ಕೊಡಲಿ ಹಾಕಿದವರನ್ನು ನಾನು ಬಲ್ಲೆ. ಹೇಳುವುದಿಲ್ಲ.

ಹಣ ಬಂದ ಮೇಲೆ

ಟೆಂಡರ್ ಆದ ಮೇಲೆ ಕಾರ್ಯಾದೇಶದ ಪ್ರತಿ ಪಡೆಯಿರಿ. ಅದರಲ್ಲಿ ಮೂರು ವಿಷಯ ನೋಡಿ: ಎಷ್ಟು ಗಿಡ, ಯಾವ ಎತ್ತರದ ಗಿಡ, ಎಷ್ಟು ತಿಂಗಳ ನಿರ್ವಹಣೆ. ಮೂರನೆಯದನ್ನು ಯಾರೂ ಓದುವುದಿಲ್ಲ. ಗಿಡ ಸಾಯುವುದು ಅಲ್ಲೇ. ಮೋಟರಿನ ಹೆಸ್ಕಾಂ (ಕರೆಂಟ್ ಕಂಪನಿ) ಮೀಟರ್ ಯಾರ ಹೆಸರಿನಲ್ಲಿ, ಬಿಲ್ ಯಾರು ಕಟ್ಟುತ್ತಾರೆ ಅನ್ನುವುದನ್ನೂ ಲಿಖಿತವಾಗಿ ಮಾಡಿಕೊಳ್ಳಿ.

ನಾವು ಜೂನ್ ಎರಡನೇ ವಾರದಲ್ಲಿ ನೆಡಿಸಿದೆವು. ಮಳೆ ಹಿಡಿದ ಮೇಲೆ ಇಲ್ಲಿ ಸೆಪ್ಟೆಂಬರ್‌ವರೆಗೆ ನೀರಿನ ಚಿಂತೆ ಇಲ್ಲ. ಹೊಂಗೆ, ಬೇವು ಜಾಸ್ತಿ ಕೇಳಿದೆವು, ಹೂವಿನ ಗಿಡ ಕಡಿಮೆ. ಎಣಿಸಿದಾಗ 60ಕ್ಕೆ 54 ಇತ್ತು. ಕಾರ್ಯಾದೇಶದ ಪ್ರತಿ ತೋರಿಸಿದೆ. ಶನಿವಾರ ಟೆಂಪೋದಲ್ಲಿ ಇನ್ನಾರು ಬಂದವು.